ಸೆರಗಿನ ಮೇಲೆ ಕೂತ ಬಂಡೆ

ಒಂಬತ್ತನೇ ಐಸ್ ಚೀಲವನ್ನು ಅಪ್ಪ ಟೆಂಟಿನ ಈ ಕಡೆಯ ಅಂಚಿನ ಮೇಲೆ ಇಟ್ಟದ್ದೇ ತಡ, ಆ ಕಡೆಯ ಅಂಚು ಪಟಪಟ ಬಡಿದುಕೊಳ್ಳುತ್ತ ಮೇಲೆದ್ದಿತು.

"ವೈಶೂ, ಆ ಕಡೆ ಹಿಡಿಯವಾ" ಎಂದು ಅಪ್ಪ ಕೂಗಿದರು.

ವೈಷ್ಣವಿ ಓಡಿಹೋಗಿ ಆ ಕಡೆಯ ಅಂಚಿನ ಮೇಲೆ ಎರಡೂ ಕಾಲಿಟ್ಟು ನಿಂತಳು. ಆಗ ಈ ಕಡೆಯದು ಎದ್ದಿತು.

ಟೆಕ್ಸಸ್ಸಿನ ಲೂಯಿಸ್‌ವಿಲ್ ಕೆರೆಯ ದಂಡೆಯಲ್ಲಿರುವ ಪಾರ್ಕಿನಲ್ಲಿ ಅಂದು ಕನ್ನಡದವರ ಪಿಕ್ನಿಕ್. ಮಾರ್ಚ್ ತಿಂಗಳ ಗಾಳಿಗೆ ಆಗಲೇ ಇಬ್ಬರ ಟೋಪಿ ಮತ್ತು ಒಂದು ಕಟ್ಟು ಪೇಪರ್ ಪ್ಲೇಟು ಕೆರೆಯ ಪಾಲಾಗಿದ್ದವು. ಮುಂದಿನದು ತನ್ನ ಟೆಂಟೇ ಆಗುತ್ತದೇನೋ ಎಂದು ವೈಷ್ಣವಿ ಕಾಲು ಇನ್ನಷ್ಟು ಒತ್ತಿ ನಿಂತಳು.

ಆ ಕೆಂಪು ಟೆಂಟು ಟೆಕ್ಸಸ್ಸಿನದಲ್ಲ. ಜನವರಿಯಲ್ಲಿ ಮಿನೆಸೋಟಾದಿಂದ ಇಲ್ಲಿನ ಫ್ಲವರ್ ಮೌಂಡ್ ಊರಿಗೆ ಶಿಫ್ಟ್ ಆಗುವಾಗ ಅಪ್ಪ ಸೋಫಾ ಮಾರಿದರು, ಡೈನಿಂಗ್ ಟೇಬಲ್ ಮಾರಿದರು, ಇದನ್ನು ಮಾತ್ರ ಮಾರಲಿಲ್ಲ. ಅಲ್ಲಿ ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟುತ್ತವೆ. ಜನ ಆ ಮಂಜುಗಡ್ಡೆಯ ಮೇಲೆ ಇಂಥ ಟೆಂಟು ಹಾಕಿ, ಗಡ್ಡೆಗೆ ತೂತು ಕೊರೆದು, ಒಳಗೆ ಬೆಚ್ಚಗೆ ಕೂತು ಮೀನು ಹಿಡಿಯುತ್ತಾರೆ.

ವೈಷ್ಣವಿಯ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದರೂ ಅಪ್ಪ ಶನಿವಾರ ಬಂದರೆ ಸಾಕು, ಕೆರೆಯ ಮೇಲೆ ಟೆಂಟು ಹಾಕುತ್ತಿದ್ದರು. ತೂತು ಕೊರೆಯುತ್ತಿರಲಿಲ್ಲ. ಅಪ್ಪ, ಅಮ್ಮ, ವೈಷ್ಣವಿ ಮೂವರೂ ಒಳಗೆ ಕೂತು ಗಿರ್ಮಿಟ್ ತಿಂದು, ಫ್ಲಾಸ್ಕಿನ ಚಹಾ ಕುಡಿದು ಮನೆಗೆ ಬರುತ್ತಿದ್ದರು. ಪಕ್ಕದ ಟೆಂಟಿನವರು ಏನಾದರೂ ಸಿಕ್ಕಿತೇ ಎಂದು ಕೇಳಿದರೆ ಅಪ್ಪ ಬಹಳ ಗಂಭೀರವಾಗಿ, ಇನ್ನೂ ಇಲ್ಲ ಎನ್ನುತ್ತಿದ್ದರು.

ಟೆಂಟಿಗೆ ತಳ ಇರಲಿಲ್ಲ. ಬುಡದಲ್ಲಿ ಸುತ್ತಲೂ ಒಂದು ಮೊಳ ಅಗಲದ ಬಟ್ಟೆ ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ಅದಕ್ಕೆ ಸ್ಕರ್ಟ್ ಎಂದು ಹೆಸರು. ಮಿನೆಸೋಟಾದಲ್ಲಿ ಅದರ ಮೇಲೆ ನಾಲ್ಕು ಸಲಿಕೆ ಹಿಮ ಎಳೆದು ಹಾಕಿದರೆ ಮುಗಿಯಿತು, ಬಿರುಗಾಳಿಗೂ ಟೆಂಟು ಜಗ್ಗುತ್ತಿರಲಿಲ್ಲ. ಇಲ್ಲಿ ಹಿಮ ಎಲ್ಲಿಂದ ಬರಬೇಕು? ಗೂಟ ಹೊಡೆಯೋಣವೆಂದರೆ, ನೆಲದಡಿ ನೀರಿನ ಪೈಪುಗಳಿವೆ, ಗೂಟ ಹೊಡೆಯಬಾರದು ಎಂದು ಪಾರ್ಕಿನವರು ಬೋರ್ಡು ಹಾಕಿದ್ದರು. ಹಾಗಾಗಿ ಅಪ್ಪ ಗ್ಯಾಸ್ ಸ್ಟೇಶನ್ನಿನಿಂದ ಹನ್ನೆರಡು ಚೀಲ ಐಸ್ ಹೊತ್ತು ತಂದಿದ್ದರು.

"ಐಸ್ ಟೆಂಟಿಗೆ ಐಸೇ ಬೇಕು" ಎಂಬುದು ಅವರ ವಾದ.

ಬಾಗಲಕೋಟೆಯಿಂದ ಬಂದು ಹದಿನೈದು ದಿನವಾಗಿದ್ದ, ಅಪ್ಪನ ತಾಯಿ ಮಲ್ಲವ್ವಜ್ಜಿ ಮಡಚುವ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದರು.

"ಶ್ರೀಶೈಲಾ, ಇದೆಂಥಾ ಟೆಂಟೋ? ಸೆರಗು ಒಂದ್ ಕಡೆ ನಿಲ್ಲವಲ್ದು" ಎಂದರು.

"ನಿಲ್ತೈತಿ ಬೇ, ಸ್ವಲ್ಪ ತಡಿ."

ನಿಲ್ಲಲೇಬೇಕಿತ್ತು. ಯಾಕೆಂದರೆ ವೈಷ್ಣವಿಗೆ ಊರಿಗೆ ಬಂದು ಎರಡು ತಿಂಗಳಾದರೂ ಒಬ್ಬ ಫ್ರೆಂಡೂ ಇರಲಿಲ್ಲ. ಭಾನುವಾರದ ಕನ್ನಡ ಕ್ಲಾಸಿನಲ್ಲಿ ದಿಯಾಳ ಗುಂಪು ಒಂದು ಟೇಬಲ್, ಇವಳು ಇನ್ನೊಂದು ಟೇಬಲ್. ಪಿಕ್ನಿಕ್ಕಿಗೆ ದಿಯಾ ಒಂದು ನಾಟಕ ಮಾಡಿಸುತ್ತಿದ್ದಳು. ಹೆಸರು ಸಿಂಹರಾಣಿಗೆ ನೆಗಡಿ. ರಾಣಿ ದಿಯಾಳೇ, ಡೈರೆಕ್ಟರೂ ಅವಳೇ. ರಾಣಿಗೆ ಗುಹೆ ಬೇಕಿತ್ತು, ವೇಷ ಬದಲಿಸಲು ಜಾಗ ಬೇಕಿತ್ತು. ಆಗ ವೈಷ್ಣವಿ ಧೈರ್ಯ ಮಾಡಿ ತನ್ನ ಟೆಂಟಿನ ವಿಷಯ ಹೇಳಿದ್ದಳು. ಬ್ಲಿಝರ್ಡ್ ಎಂಬ ಹಿಮದ ಬಿರುಗಾಳಿ ಬಂದರೂ ಅದು ಹಾರುವುದಿಲ್ಲ ಎಂದೂ ಸೇರಿಸಿದ್ದಳು.

"ಓಕೆ, ಟೆಂಟ್ ತಂದ್ರೆ ನೀನೂ ಪ್ಲೇಯಲ್ಲಿ ಇರ್ತೀಯ" ಎಂದು ದಿಯಾ ಹೇಳಿದ್ದಳು. ಪಾತ್ರಗಳೆಲ್ಲ ಆಗಲೇ ಹಂಚಿ ಮುಗಿದಿದ್ದವು. ಸ್ವಲ್ಪ ಯೋಚಿಸಿ, "ನೀನು ಗುಹೆ ಪಕ್ಕದ ಬಂಡೆ. ಡೈಲಾಗ್ ಇಲ್ಲ. ಬಟ್ ಒಂದೇ ರೂಲ್, ಬಂಡೆ ಅಲ್ಲಾಡಬಾರದು" ಎಂದಿದ್ದಳು.

ವೈಷ್ಣವಿಗೆ ಅಷ್ಟೇ ಸಾಕಾಗಿತ್ತು. ರಟ್ಟು ಅಂಟಿಸಿ, ಬೂದು ಬಣ್ಣ ಬಳಿದು ಬಂಡೆಯ ವೇಷ ಮಾಡಿಕೊಂಡಿದ್ದಳು. ಟೆಂಟು ಹಾರಿಹೋದರೆ ಗುಹೆ ಇಲ್ಲ. ಗುಹೆಯೇ ಇಲ್ಲದ ಮೇಲೆ ಅದರ ಪಕ್ಕದ ಬಂಡೆ ಯಾರಿಗೆ ಬೇಕು?

ನಾಟಕ ಹನ್ನೊಂದಕ್ಕೆ ಎಂದು ಕಾರ್ಯಕ್ರಮದ ಕಾಗದದಲ್ಲಿತ್ತು. ಹನ್ನೊಂದಕ್ಕೆ ಇನ್ನೂ ಅರ್ಧ ಜನ ಪಾರ್ಕಿಂಗ್ ಹುಡುಕುತ್ತಿದ್ದರು.

ಹನ್ನೊಂದೂಕಾಲಿಗೆ ಅಡುಗೆಯ ಉಸ್ತುವಾರಿ ಹೊತ್ತಿದ್ದ ಗೋವಿಂದರಾಜು ಅಂಕಲ್ ಕೈ ಒರೆಸಿಕೊಳ್ಳುತ್ತ ಬಂದರು. "ಶ್ರೀಶೈಲ್, ಎರಡೇ ಎರಡು ಚೀಲ ಐಸ್ ತಗೋತೀನಿ ಕಣ್ರೀ. ಮಜ್ಜಿಗೆ ಬೆಚ್ಚಗಾಗಿಬಿಟ್ಟಿದೆ."

ಅಪ್ಪನಿಗೆ ಇಲ್ಲ ಎನ್ನಲು ಬರುವುದಿಲ್ಲ. ಎರಡು ಚೀಲ ಮಜ್ಜಿಗೆಗೆ ಹೋಯಿತು. ಮೂರು ಚೀಲ ಮಕ್ಕಳ ಜ್ಯೂಸಿಗೆ ಹೋಯಿತು. ಉಳಿದದ್ದು ಟೆಕ್ಸಸ್ಸಿನ ಬಿಸಿಲಿಗೆ ಹೋಯಿತು. ಟೆಂಟಿನ ಸುತ್ತ ಕೆಸರಷ್ಟೇ ಉಳಿಯಿತು.

ಅಪ್ಪ ಸೊಂಟದ ಮೇಲೆ ಕೈಯಿಟ್ಟು ಸುತ್ತಲೂ ನೋಡಿದರು. ಅಡುಗೆಯ ಚಪ್ಪರದಲ್ಲಿ ಭಾರದ ಸಾಮಾನು ಬೇಕಾದಷ್ಟಿತ್ತು. ಐದು ಕಲ್ಲಂಗಡಿ, ಎರಡು ಮೂಟೆ ಈರುಳ್ಳಿ, ಇಪ್ಪತ್ತು ಪೌಂಡಿನ ನಾಲ್ಕು ಚೀಲ ಸೋನಾ ಮಸೂರಿ. ಒಂದೊಂದಾಗಿ ತಂದು ಸ್ಕರ್ಟಿನ ಮೇಲೆ ಸಾಲಾಗಿ ಜೋಡಿಸಿದರು. ಟೆಂಟು ಸುಮ್ಮನಾಯಿತು. ದೂರದಿಂದ ನೋಡಿದವರಿಗೆ ಯಾರೋ ಕಿರಾಣಿ ಅಂಗಡಿ ತೆರೆದಿದ್ದಾರೆ ಅನಿಸುತ್ತಿತ್ತು. ಒಬ್ಬ ಆಂಟಿ ಬಂದು ಕಲ್ಲಂಗಡಿಗೆ ಎಷ್ಟು ಎಂದು ಕೇಳಿಯೂ ಹೋದರು.

ಆದರೆ ಪಿಕ್ನಿಕ್ಕಿಗೆ ತಂದ ಸಾಮಾನು ಎಷ್ಟು ಹೊತ್ತು ಇದ್ದಲ್ಲೇ ಇರುತ್ತದೆ? ಮೊದಲು ಕಲ್ಲಂಗಡಿ ಹೋಳಾದವು. ಆಮೇಲೆ ಚುರುಮುರಿಗೆಂದು ಈರುಳ್ಳಿ ಮೂಟೆ ಎದ್ದವು. ಕೊನೆಗೆ ಗೋವಿಂದರಾಜು ಅಂಕಲ್ ಅಕ್ಕಿಯ ಚೀಲಕ್ಕೇ ಕೈ ಹಾಕಿದರು.

"ಅಂಕಲ್, ಪ್ಲೀಸ್, ಅಕ್ಕಿ ಬೇಡ" ಎಂದು ವೈಷ್ಣವಿ ಚೀಲದ ಮೇಲೆ ಕೂತುಬಿಟ್ಟಳು.

"ಪುಟ್ಟಾ, ಎಂಬತ್ತು ಜನ ಅಂದ್ಕೊಂಡಿದ್ವಿ, ನೂರಾ ಐವತ್ತು ಬಂದಿದ್ದಾರೆ. ಬಿಸಿಬೇಳೆಬಾತ್ ಇನ್ನೊಂದು ಸಲ ಇಡಬೇಕು. ಏಳಮ್ಮಾ."

ಅವಳು ಎದ್ದಳು. ಅಕ್ಕಿ ಹೋಯಿತು. ಟೆಂಟು ಮತ್ತೆ ಪಟಪಟ ಎಂದಿತು. ಒಳಗಿನಿಂದ ದಿಯಾ ಕಿರೀಟ ಹಾಕಿದ ತಲೆ ಹೊರಗೆ ಹಾಕಿ, "ಬ್ಲಿಝರ್ಡ್ ಬಂದ್ರೂ ಹಾರಲ್ಲ ಅಂದಿದ್ದೆ" ಎಂದಳು.

ವೈಷ್ಣವಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನಿಸಿತು.

ಅಪ್ಪ ಸೋಲುವ ಜಾತಿಯಲ್ಲ. ನೆರಳಿನಲ್ಲಿ ಕೆಲಸವಿಲ್ಲದೆ ಕೂತಿದ್ದ ಏಳು ಜನ ಅಂಕಲ್‌ಗಳನ್ನು ಕುರ್ಚಿ ಸಮೇತ ಕರೆತಂದರು. "ಇಲ್ಲೇ ಕೂತು ಮಾತಾಡ್ರಿ. ಮಾತು ಎಲ್ಲಿ ಆಡಿದ್ರೂ ಒಂದೇ" ಎಂದು ಅವರ ಕುರ್ಚಿಗಳನ್ನು ಸ್ಕರ್ಟಿನ ಮೇಲೆ ಸುತ್ತಲೂ ಹಾಕಿಸಿ, ಎಂಟನೆಯವರಾಗಿ ತಾವೂ ಕೂತರು. ಬೆರಳು ಮಡಚಿ ಲೆಕ್ಕ ಹಾಕಿದರು. "ಒಬ್ಬೊಬ್ಬರು ನೂರಾ ಎಂಬತ್ತು ಪೌಂಡ್ ಹಿಡಿ. ಸಾವಿರದ ನಾನೂರಾ ನಲವತ್ತು. ಇನ್ನ ಅಲ್ಲಾಡಂಗಿಲ್ಲ ವೈಶೂ."

ನಿಜವಾಗಿಯೂ ಅಲ್ಲಾಡಲಿಲ್ಲ. ಅಂಕಲ್‌ಗಳು ಹುಲ್ಲು ಕತ್ತರಿಸುವ ಮಷೀನಿನ ಬಗ್ಗೆ ಮಾತಾಡುತ್ತ ಗಟ್ಟಿಯಾಗಿ ಕೂತರು. ಮುಕ್ಕಾಲು ಗಂಟೆ ಒಬ್ಬರೂ ಏಳಲಿಲ್ಲ. ಇದಕ್ಕಿಂತ ಒಳ್ಳೆಯ ಭಾರ ಸಿಗಲಾರದು ಎಂದು ವೈಷ್ಣವಿಗೂ ಅನಿಸಿತು.

ಒಂದೂಕಾಲಿಗೆ ನಾಟಕ ಶುರುವಾಯಿತು. ಬಂಡೆ ಗುಹೆಯ ಬಾಗಿಲ ಪಕ್ಕ ಮುದುಡಿ ಕೂತಿತು. ಸಿಂಹರಾಣಿ ಹೊರಗೆ ಬಂದು ಗರ್ಜಿಸಿ, ಮೂಗು ಒರೆಸಿಕೊಂಡಳು. ಜನ ನಕ್ಕರು. ವೈಷ್ಣವಿ ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದಳು. ರಟ್ಟಿನೊಳಗೆ ಬೆವರು ಇಳಿಯುತ್ತಿತ್ತು, ಮೂಗಿನ ಮೇಲೆ ನೊಣ ಕೂತಿತ್ತು. ಬಂಡೆ ಅಲ್ಲಾಡಲಿಲ್ಲ.

"ಮಂತ್ರಿ, ನನಗೆ ನೆಗಡಿ" ಎಂದು ರಾಣಿ ಹೇಳಿದಳು. ಅಷ್ಟರಲ್ಲಿ ಅಡುಗೆಯ ಚಪ್ಪರದಲ್ಲಿದ್ದ ಮೈಕು ಕಿರ್ರೆಂದಿತು.

"ಊಟ ರೆಡಿ ಇದೆ" ಎಂಬ ಗೋವಿಂದರಾಜು ಅಂಕಲ್ ದನಿ ಕೆರೆಯ ಆಚೆ ದಡಕ್ಕೂ ಕೇಳಿಸಿತು. "ಮಿರ್ಚಿ ಬಜ್ಜಿ ಬಿಸಿಬಿಸಿ ಇದೆ. ತಡ ಮಾಡಿದೋರಿಗೆ ನಾನು ಗ್ಯಾರಂಟಿ ಕೊಡಲ್ಲ."

ಸಾವಿರದ ನಾನೂರಾ ನಲವತ್ತು ಪೌಂಡ್ ಒಂದೇ ಸಲ ಎದ್ದು ನಿಂತಿತು. ಮೊದಲು ಎದ್ದವರು ಯಾರು ಎಂದರೆ, ಹೇಳಲು ಬೇಜಾರಾಗುತ್ತದೆ, ಅಪ್ಪ.

ಟೆಂಟು ಹಿಂಬದಿಯಿಂದ ಮೇಲೆದ್ದು ಬಾಗಿತು. ಒಳಗೆ ಸೊಂಡಿಲು ಬಿಚ್ಚಿಟ್ಟು ಚಿಪ್ಸ್ ತಿನ್ನುತ್ತಿದ್ದ ಆನೆ, ಅಂದರೆ ಆರವ್, ಎಲ್ಲರಿಗೂ ಕಾಣಿಸಿದ. ಕರಡಿ ಇನ್ನೂ ಅರ್ಧ ಕರಡಿಯಾಗಿತ್ತು. ಜನ ಹೋ ಎಂದು ನಕ್ಕರು.

ಬಂಡೆ ಅಲ್ಲಾಡಬಾರದು ಎಂದು ವೈಷ್ಣವಿ ಹಲ್ಲು ಕಚ್ಚಿಕೊಂಡಳು. ಟೆಂಟು ಇನ್ನೊಂದು ಮೊಳ ಎದ್ದಿತು. ಅದರಾಚೆ ಕೆರೆ ಫಳಫಳ ಹೊಳೆಯುತ್ತಿತ್ತು.

ಬಂಡೆ ಎದ್ದಿತು. ಕರಕರ ಸದ್ದು ಮಾಡುತ್ತ ಟೆಂಟಿನ ಸುತ್ತ ಓಡಿ, ಎದ್ದಿದ್ದ ಸ್ಕರ್ಟನ್ನು ಎರಡೂ ಕೈಯಲ್ಲಿ ಎಳೆದು ಅದರ ಮೇಲೆ ಧೊಪ್ಪನೆ ಕೂತಿತು. ಬಂಡೆ ಎಂದರೂ ತೂಕ ಅರವತ್ತೆರಡೇ ಪೌಂಡ್. ಟೆಂಟು ಅವಳನ್ನು ಕೆಸರಿನಲ್ಲಿ ಎರಡು ಅಡಿ ಎಳೆದುಕೊಂಡು ಹೋಯಿತು.

ಮಲ್ಲವ್ವಜ್ಜಿ ತಮ್ಮ ಕುರ್ಚಿ ಎತ್ತಿಕೊಂಡು ಬಂದು ಪಕ್ಕದಲ್ಲಿ ಹಾಕಿ ಕೂತರು. "ಹೊಟ್ಟಿ ಹಸದ ಗಂಡಸರನ್ನ ನಂಬಿ ಟೆಂಟ್ ಹಾಕ್ತಾರೇನು?" ಎಂದರು. ಎಳೆತ ನಿಧಾನವಾಯಿತು. ಆದರೆ ನಿಲ್ಲಲಿಲ್ಲ.

ಸಿಂಹರಾಣಿ ನಾಟಕ ಅಲ್ಲಿಗೇ ಬಿಟ್ಟು ದಾಪುಗಾಲು ಹಾಕುತ್ತ ಬಂದಳು. ವೈಷ್ಣವಿಯ ಕಣ್ಣು ತುಂಬಿಕೊಂಡಿತು.

"ಸಾರಿ. ಬಂಡೆ ಅಲ್ಲಾಡ್ತು" ಎಂದಳು.

ದಿಯಾ ಟೆಂಟು ನೋಡಿದಳು, ಕೆರೆ ನೋಡಿದಳು, ಕುತ್ತಿಗೆಯವರೆಗೆ ಕೆಸರಾಗಿದ್ದ ಬಂಡೆಯನ್ನು ನೋಡಿದಳು.

"ಸ್ವಲ್ಪ ಜರುಗು" ಎಂದಳು. ಬಾಲ ಪಕ್ಕಕ್ಕೆ ಸರಿಸಿ ಕೆಸರಿನಲ್ಲೇ ಕೂತಳು. ಆಮೇಲೆ ಕತ್ತು ತಿರುಗಿಸಿ, "ಗೈಸ್, ಎಲ್ರೂ ಬಂದು ಕೂತ್ಕೊಳ್ಳಿ. ಪ್ಲೇ ಹಾಗೇ ಕಂಟಿನ್ಯೂ" ಎಂದು ಆರ್ಡರ್ ಮಾಡಿದಳು.

ಆನೆ ಒಂದು ಕಡೆ, ಕರಡಿ ಒಂದು ಕಡೆ, ಮಂತ್ರಿಯಾಗಿದ್ದ ನರಿ ಇನ್ನೊಂದು ಕಡೆ ಕೂತವು. ರಾಣಿ ಈ ಕಡೆಯಿಂದ ಕೇಳಿದ ಪ್ರಶ್ನೆಗೆ ಆನೆ ಆ ಕಡೆಯಿಂದ ಕೂಗಿ ಉತ್ತರ ಹೇಳಿತು. ಆನೆಯ ಮಾತು ಕೇಳಬೇಕೆಂದರೆ ಜನ ಬಜ್ಜಿಯ ತಟ್ಟೆ ಹಿಡಿದು ಆ ಕಡೆ ನಡೆಯಬೇಕಿತ್ತು, ರಾಣಿ ಸೀನಿದರೆ ಮತ್ತೆ ಈ ಕಡೆ ಬರಬೇಕಿತ್ತು. ನೂರಾ ಐವತ್ತು ಜನ ಐಸ್ ಟೆಂಟಿಗೆ ಪ್ರದಕ್ಷಿಣೆ ಹಾಕಿದರು. ಅಪ್ಪ ಯಾರ ಕಣ್ಣಿಗೂ ಬೀಳದಂತೆ ಕರಡಿಯ ಪಕ್ಕ ಬಂದು ಕೂತರು.

ಕೊನೆಗೆ ರಾಣಿ ಕೇಳಿದಳು, "ಬಂಡೆಯೇ, ನನ್ನ ನೆಗಡಿಗೆ ನೀನಾದರೂ ಔಷಧಿ ಹೇಳು." ಇದು ನಾಟಕದಲ್ಲಿ ಇರಲೇ ಇಲ್ಲ.

ವೈಷ್ಣವಿ ತಬ್ಬಿಬ್ಬಾದಳು. "ನಾನು ಬಂಡೆ. ನನಗೆ ಡೈಲಾಗ್ ಇಲ್ಲ" ಎಂದುಬಿಟ್ಟಳು.

ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಆ ಮಾತಿಗೇ.

ನಾಟಕ ಮುಗಿಯಿತು. ಯಾರೂ ಏಳುವಂತಿರಲಿಲ್ಲವಲ್ಲ, ಗೋವಿಂದರಾಜು ಅಂಕಲ್ ತಾವೇ ತಟ್ಟೆಗಳನ್ನು ಹೊತ್ತು ತಂದು ಒಬ್ಬೊಬ್ಬರ ಕೈಗೆ ಕೊಟ್ಟರು. ದಿಯಾ ತನ್ನ ಬಜ್ಜಿಯ ಮೆಣಸಿನಕಾಯಿ ತೆಗೆದು ವೈಷ್ಣವಿಯ ತಟ್ಟೆಗೆ ಹಾಕಿದಳು. "ನಿಂಗೆ ಖಾರ ಆಗುತ್ತಾ? ಮಿನೆಸೋಟಾದಲ್ಲಿ ನಿಜವಾಗ್ಲೂ ಕೆರೆ ಮೇಲೆ ನಡೀತಿದ್ರಾ? ಕಾರೂ ಹೋಗುತ್ತಾ?"

ವೈಷ್ಣವಿ ಹೇಳತೊಡಗಿದಳು. ಗಿರ್ಮಿಟ್ಟಿನ ವಿಷಯ ಬಂದಾಗ ದಿಯಾ ನಕ್ಕು ನಕ್ಕು ಕಿರೀಟ ಬೀಳಿಸಿಕೊಂಡಳು. ಆರವ್ ಆ ಕಡೆಯಿಂದ, "ನಂಗೆ ಕೇಳಿಸ್ತಾ ಇಲ್ಲ, ಜೋರಾಗಿ ಹೇಳು" ಎಂದು ಕೂಗಿದ.

ಬಿದ್ದ ಕಿರೀಟವನ್ನು ಎತ್ತಿಕೊಡಲು ಬಗ್ಗಿದಾಗ ವೈಷ್ಣವಿ ಗಮನಿಸಿದಳು. ತಟ್ಟೆಯ ಪಕ್ಕ ಇಟ್ಟಿದ್ದ ಪೇಪರ್ ನ್ಯಾಪ್ಕಿನ್ ಇದ್ದಲ್ಲೇ ಇತ್ತು. ಕೆರೆಯ ನೀರು ಸುಮ್ಮನಿತ್ತು. ಬೆನ್ನ ಹಿಂದಿನ ಟೆಂಟು ಯಾರೂ ಹಿಡಿಯದಿದ್ದರೂ ನಿಲ್ಲುವ ಹಾಗೆ ನೆಟ್ಟಗೆ ನಿಂತಿತ್ತು. ಗಾಳಿ ನಿಂತು ಎಷ್ಟು ಹೊತ್ತಾಗಿತ್ತೋ.

ಹೇಳೋಣವೆಂದು ಬಾಯಿ ತೆರೆದಳು. ದಿಯಾ ಕೆಸರಿನಲ್ಲಿ ಕಾಲು ಚಾಚಿ, ಬಜ್ಜಿ ಮುರಿಯುತ್ತ, "ಆಮೇಲೆ?" ಎಂದಳು.

ವೈಷ್ಣವಿ ಬಾಯಿ ಮುಚ್ಚಿಕೊಂಡಳು. ಸ್ಕರ್ಟಿನ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತು, ಕತೆ ಮುಂದುವರಿಸಿದಳು.