ಮುಖ ಮಾತ್ರ

2019ರ ಅಕ್ಟೋಬರ್ ಹದಿನೈದು, ಮಂಗಳವಾರ ಬೆಳಿಗ್ಗೆ ಎಂಟೂಕಾಲಿಗೆ ಬಂದರು ಠಾಣೆಗೆ ದೂರು ಬಂತು. ದೂರು ಕೊಟ್ಟವರು ಊರಿನ ಶಿಲ್ಪ ಸಂಗ್ರಹಾಲಯದ ನಿರ್ದೇಶಕ ಡಾಕ್ಟರ್ ಕ್ರೂನೊ ವಿದಾಸ್. ಕಳ್ಳತನವೋ, ಹಾನಿಯೋ ಎಂದು ಕೇಳಿದರೆ ಎರಡೂ ಎಂದರು. ಏನು ಹೋಗಿದೆ ಎಂದು ಕೇಳಿದರೆ, "ಮುಖ" ಎಂದರು.

ಇನ್ಸ್‌ಪೆಕ್ಟರ್ ನೇವಾ ಬರೇಟಾ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಹೊರಗೆ ಮೂರು ದಿನದಿಂದ ಯೂಗೊ ಬೀಸುತ್ತಿತ್ತು. ದಕ್ಷಿಣದ ಕಡಲಿನಿಂದ ಬರುವ ಈ ತೇವದ ಗಾಳಿಗೆ ದಾಲ್ಮೇಷಿಯಾ ಕರಾವಳಿಯ ಜನರ ತಲೆ ಕೆಡುತ್ತದೆ. ಹಿಂದಿನ ಕಾಲದಲ್ಲಿ ಯೂಗೊ ಬೀಸುವಾಗ ನ್ಯಾಯಾಧೀಶರು ತೀರ್ಪನ್ನೇ ಕೊಡುತ್ತಿರಲಿಲ್ಲ ಎನ್ನುತ್ತಾರೆ. ಕಾನ್‌ಸ್ಟೆಬಲ್ ಶಿಮೆ ಜೀಪು ಓಡಿಸುತ್ತ, ಇಂಥ ಗಾಳಿಯಲ್ಲಿ ಕಲ್ಲಿಗೂ ತಲೆ ಕೆಟ್ಟಿರಬೇಕು ಎಂದ. ನೇವಾ ನಗಲಿಲ್ಲ.

ಸಂಗ್ರಹಾಲಯದ ಮೊದಲ ಹಜಾರದಲ್ಲಿ ಇಟಲಿಯ ಮರದ ಮೇರಿಮಾತೆ, ವೆನಿಸ್ಸಿನ ಕಲ್ಲಿನ ಸಿಂಹಗಳು, ಪ್ಯಾರಿಸ್ಸಿನ ಕಂಚಿನ ನರ್ತಕಿ ಎಲ್ಲವೂ ಇದ್ದಲ್ಲೇ ಇದ್ದವು. ಕೊನೆಯ ಹಜಾರದ ನಡುವೆ, ಊರೇ ಹೆಮ್ಮೆಪಡುವ ಶಿಲ್ಪಿ ಯೆರೊಲಿಮ್ ಗರ್ಬಿನ್ 1968ರಲ್ಲಿ ಕಡೆದ 'ಸ್ನಾನದ ಹುಡುಗಿ' ನಿಂತಿತ್ತು. ಆಳೆತ್ತರದ ಬಿಳಿ ಅಮೃತಶಿಲೆ, ಬೆತ್ತಲೆ ಹುಡುಗಿ. ಹಣೆಯಿಂದ ಗಲ್ಲದವರೆಗೆ ಮುಖವಿರಲಿಲ್ಲ. ಯಾರೂ ಅದನ್ನು ಸುತ್ತಿಗೆಯಿಂದ ಜಜ್ಜಿರಲಿಲ್ಲ. ಕೂದಲಿನ ಅಂಚಿಗೆ ಸಾಲಾಗಿ ಸಣ್ಣ ತೂತು ಕೊರೆದು, ಬೆಣೆ ಹೊಡೆದು, ಇಡೀ ಮುಖವನ್ನು ಮುಖವಾಡದಂತೆ ಬಿಡಿಸಿ ಒಯ್ದಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಕೆಳಗೆ ಕಲ್ಲಿನ ಪುಡಿಯನ್ನು ಗುಡಿಸಿ ಒಂದು ಕಡೆ ಗುಡ್ಡೆ ಮಾಡಿದ್ದರು.

"ಮಾರೋಕೆ ತಗೊಂಡು ಹೋಗಿದಾರೆ," ಎಂದರು ನಿರ್ದೇಶಕರು.

"ಬರೀ ಮುಖಾನ ಯಾರು ಕೊಳ್ತಾರೆ?"



ಶಿಮೆ ಪಂಚನಾಮೆ ಬರೆಯತೊಡಗಿದ. ಸೋಮವಾರ ರಜೆ, ಭಾನುವಾರ ಸಂಜೆ ಬೀಗ ಹಾಕಿದ ಮೇಲೆ ಯಾರೂ ಒಳಗೆ ಬಂದಿರಲಿಲ್ಲ. ಬಾಗಿಲು ಕಿಟಕಿಗಳು ಭದ್ರವಾಗಿದ್ದವು, ಎಚ್ಚರಿಕೆಯ ಗಂಟೆ ಹೊಡೆದುಕೊಂಡಿರಲಿಲ್ಲ. ಹಾಗಾದರೆ ಬಂದವರು ಹೊರಗಿನಿಂದ ಬಂದಿಲ್ಲ, ಒಳಗೇ ಉಳಿದಿದ್ದಾರೆ. ನೇವಾ ಮೂಲೆ ಮೂಲೆ ಹುಡುಕಿದಳು. ಸುಣ್ಣಗಾರೆಯ ದೊಡ್ಡ ಕುದುರೆಯೊಂದರ ಹಿಂದೆ ಬ್ರೆಡ್ಡಿನ ಚೂರು, ಅಂಜೂರದ ಸಿಪ್ಪೆ ಸಿಕ್ಕವು. ಯಾರೋ ಅಲ್ಲಿ ಎರಡು ರಾತ್ರಿ ಕಳೆದು, ನಡುವಿನ ಹಗಲೆಲ್ಲ ಅವಸರವಿಲ್ಲದೆ ಕೆಲಸ ಮಾಡಿದ್ದರು. ಹಿಂಬಾಗಿಲ ಕ್ಯಾಮೆರಾದಲ್ಲಿ, ಬೆಳಿಗ್ಗೆ ಕಾವಲುಗಾರ ಬಾಗಿಲು ತೆಗೆದು ಕಾಫಿಗೆ ನೀರಿಡಲು ಹೋದ ಹೊತ್ತಿಗೆ, ಕಪ್ಪು ಬಟ್ಟೆ ಉಟ್ಟು ತಲೆಗೆ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ಭಾರದ ಚೀಲ ಹೊತ್ತು ಹೊರಹೋಗುವುದು ಕಾಣಿಸಿತು. ಗುಡಿಸುವವಳು ಎಂದುಕೊಂಡೆ ಎಂದ ಕಾವಲುಗಾರ.

ನಿರ್ದೇಶಕರಿಗೆ ಮಾತ್ರ ಅನುಮಾನವಿದ್ದದ್ದು ಬೇರೆಯವರ ಮೇಲೆ. ಶಿಲ್ಪಗಳ ರಿಪೇರಿ ನೋಡಿಕೊಳ್ಳುವ ಲೋವ್ರೆಗೂ ಅವರಿಗೂ ಬೇಸಿಗೆಯಿಂದ ಮಾತಿರಲಿಲ್ಲ. ಇಂಥ ಕೈಕೆಲಸ ಇನ್ಯಾರಿಗೆ ಬರುತ್ತದೆ, ಆ ಹೆಂಗಸನ್ನು ಕಳಿಸಿದವನೂ ಅವನೇ ಇರಬೇಕು ಎಂದರು. ಲೋವ್ರೆ ಆ ತೂತುಗಳ ಮೇಲೆ ಬೆರಳಾಡಿಸಿ ನಿಂತಿದ್ದ.

"ನಾನು ಮಾಡಿದ್ರೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಮೇಡಂ," ಎಂದ. "ತೂತೆಲ್ಲ ಈ ಕಡೆ ವಾಲಿವೆ ನೋಡಿ. ಎಡಗೈಯವರ ಕೆಲಸ. ನಾನು ಬಲಗೈಯವನು. ಮೇಲಾಗಿ ನಿನ್ನೆ ಸಂಜೆವರೆಗೂ ಜಾಗ್ರೆಬ್‌ನಲ್ಲಿ ಮಗಳ ಮದುವೇಲಿ ಕುಣೀತಿದ್ದೆ. ನೂರು ಜನ ಸಾಕ್ಷಿ ಇದಾರೆ, ಕುಣಿತ ಕೆಟ್ಟದಾಗಿತ್ತು ಅಂತಾನೂ ಹೇಳ್ತಾರೆ."

ಈ ಶಿಲ್ಪದ ಮೇಲೆ ಯಾರಿಗಾದರೂ ದ್ವೇಷವಿತ್ತೇ ಎಂದು ನೇವಾ ಎಲ್ಲರ ಮುಂದೆ ಕೇಳಿದಳು. ಕಲ್ಲಿನ ಮೇಲೆ ಯಾರಿಗೇನು ದ್ವೇಷ ಎಂದರು ನಿರ್ದೇಶಕರು. ಆಗ ಟಿಕೆಟ್ ಕೊಡುವ ಯಾಸ್ನಾ ನೆಲ ನೋಡಿದ್ದು ನೇವಾಳ ಕಣ್ಣಿಗೆ ಬಿತ್ತು. ಐದು ನಿಮಿಷದ ನಂತರ ಅವಳನ್ನು ಹಜಾರದ ಹೊರಗೆ ಕರೆದಳು.

"ಏನೋ ಹೇಳ್ಬೇಕು ಅಂತಿದ್ರಿ."

"ನಾನೇನೂ ಹೇಳಿಲ್ಲ."

"ಅದಕ್ಕೇ ಕೇಳ್ತಿದೀನಿ."

ಯಾಸ್ನಾ ಬಾಗಿಲ ಕಡೆ ಒಮ್ಮೆ ನೋಡಿ ಬಾಯಿ ಬಿಟ್ಟಳು. ಶಿಲ್ಪಿಯ ಜನ್ಮಶತಮಾನೋತ್ಸವಕ್ಕೆಂದು ಈ ಶಿಲ್ಪದ ಚಿತ್ರವನ್ನು ಬಸ್ಸುಗಳ ಮೈತುಂಬ ಅಂಟಿಸಿದ್ದರು. ಅದಾದ ಮೇಲೆ ಸೊಲಿನಾ ದ್ವೀಪದ ಮುದುಕಿಯೊಬ್ಬಳು ಮೂರು ಸಲ ಬಂದಿದ್ದಳು. ಮುಖ ನನ್ನದು, ಮೈ ನನ್ನದಲ್ಲ, ಕೆಳಗಿನ ಫಲಕದಲ್ಲಿ ಅಷ್ಟು ಬರೆಯಿರಿ ಸಾಕು ಎಂದಿದ್ದಳು. ಶಿಲ್ಪದ ಹೊಟ್ಟೆಯ ಬಲಗಡೆ ಒಂದು ಶಸ್ತ್ರಚಿಕಿತ್ಸೆಯ ಗಾಯದ ಗುರುತಿದೆ. ಕಲ್ಲಿನಲ್ಲಿ ಅಷ್ಟು ಸತ್ಯ ಕಡೆದಿದ್ದಾನೆಂದು ಪಂಡಿತರೆಲ್ಲ ಹೊಗಳಿದ್ದೂ ಅದನ್ನೇ. ನನ್ನ ಹೊಟ್ಟೆಯ ಮೇಲೆ ಅಂಥ ಗುರುತಿಲ್ಲ, ಬೇಕಾದರೆ ನಿಮ್ಮಲ್ಲಿನ ಹೆಂಗಸರು ನೋಡಲಿ ಎಂದಳಂತೆ ಮುದುಕಿ.

"ಅದಕ್ಕೆ ಸಾಹೇಬ್ರು ಏನಂದ್ರು?"

ಯಾಸ್ನಾಳ ದನಿ ಸಣ್ಣಗಾಯಿತು. "'ಐವತ್ತು ವರ್ಷದ ಹಿಂದೆ ಬಂದಿದ್ರೆ ನಾನೇ ನೋಡ್ತಿದ್ದೆ ಅಜ್ಜಿ' ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ."

ಮುದುಕಿಯ ಹೆಸರು ದಿನ್ಕಾ ಮಾತುಲಿಚ್. ಗೋರಿಕಲ್ಲುಗಳ ಮೇಲೆ ಅಕ್ಷರ ಕಡೆಯುವವಳು.

ಎಫ್‌ಐಆರ್ ದಾಖಲಿಸಿ, ಶಿಮೆಯನ್ನು ಊರಿನಲ್ಲೇ ಬಿಟ್ಟು, ನೇವಾ ಹನ್ನೊಂದು ಗಂಟೆಯ ದೋಣಿ ಹತ್ತಿದಳು. ದ್ವೀಪದ ಹಳ್ಳಿಯಲ್ಲಿ ಮನೆ, ಗೋಡೆ, ಸೂರು ಎಲ್ಲವೂ ಗಣಿಯ ಬಿಳಿಗಲ್ಲು. ಬಸ್ಸು ನಿಲ್ಲುವ ಜಾಗ ದಿನ್ಕಾಳ ಬಾಗಿಲಿಗೆ ನೇರ ಎದುರು. ನೇವಾ ಇಳಿದ ಬಸ್ಸಿನ ಮೈಮೇಲೂ ಅದೇ ಬೆತ್ತಲೆ ಹುಡುಗಿ ಇದ್ದಳು. ದಿನವೂ ಬಾಗಿಲು ತೆಗೆದರೆ ಕಾಣುವುದು ಇದೇ.

ಮನೆಗೆ ಬೀಗ ಬಿದ್ದಿತ್ತು. ಅಂಗಳದಲ್ಲಿ ಅರ್ಧ ಕಡೆದ ಗೋರಿಕಲ್ಲು ಒರಗಿತ್ತು. ಪಕ್ಕದ ಮನೆಯ ಪೆರಿನಾ ಎಂಬ ಮುದುಕಿ ಮೀನು ಹಸನು ಮಾಡುತ್ತ ಕೂತಿದ್ದಳು. ಕೇಳದಿದ್ದರೂ ಹೇಳುವ ಹೆಂಗಸು.

ದಿನ್ಕಾ ಭಾನುವಾರವೇ ಹೋದಳು, ಇನ್ನೂ ಬಂದಿಲ್ಲ. ಹದಿನೇಳನೇ ವರ್ಷದಲ್ಲಿ ಆ ಶಿಲ್ಪಿಯ ಮುಂದೆ ಬಟ್ಟೆ ಬಿಚ್ಚಿ ನಿಂತವಳು ಅವಳು. ಗಣಿಯ ಮೇಸ್ತ್ರಿಯ ಮಗ ಒಪ್ಪಿದ ಮದುವೆಯನ್ನು ಮುರಿದ. ಅಪ್ಪ ಸಾಯುವವರೆಗೂ ಅವಳ ಕೈಯ ನೀರು ಕುಡಿಯಲಿಲ್ಲ. ಆಮೇಲೆ ಅದೇ ಅಪ್ಪನ ಗೋರಿಗೆ ಅಕ್ಷರ ಕಡೆದವಳೂ ಅವಳೇ. ಇಷ್ಟನ್ನೂ ಪೆರಿನಾ ಒಂದೇ ಉಸಿರಿನಲ್ಲಿ ಹೇಳಿದಳು.

"ಅವಳು ಇಲ್ಲ ಅಂತಿದ್ದಳಲ್ಲ?" ಎಂದಳು ನೇವಾ.

"ಅಂತಿದ್ದಳು. ಮುಖ ಅಲ್ಲೇ ಇದೆಯಲ್ಲವ್ವಾ, ಯಾರು ನಂಬ್ತಾರೆ?"

"ಯಾವ ಕೈಲಿ ಕೆಲಸ ಮಾಡ್ತಾಳೆ?"

"ಎಡಗೈ. ಅದಕ್ಕೂ ಶಾಲೇಲಿ ಏಟು ತಿಂದಳು."

ಮತ್ತೆಲ್ಲಿಗೆ ಹೋಗುತ್ತೇನೆಂದು ಹೇಳಿದ್ದಳೇ ಎಂದು ಕೇಳಿದಾಗ ಪೆರಿನಾ ಚೂರಿ ಕೆಳಗಿಟ್ಟಳು. ಮೊದಲು ನನ್ನದನ್ನು ತೆಗೆದುಕೊಳ್ಳುತ್ತೇನೆ, ಆಮೇಲೆ ಡಾಕ್ಟರ ಮಗಳನ್ನು ನೋಡಬೇಕು ಎಂದಿದ್ದಳಂತೆ. ಡಾಕ್ಟರ ಮಗಳೆಂದರೆ ಶಿಲ್ಪಿಯ ಹೆಂಡತಿ ಎರ್ಮಿನಿಯಾ. ಗಂಡ ಸತ್ತು ಹನ್ನೆರಡು ವರ್ಷವಾಗಿದೆ, ಆಚೆ ದಡದ ಊರಿನಲ್ಲೇ, ಬೆಟ್ಟದ ತಪ್ಪಲಿನ ದೊಡ್ಡ ಮನೆಯಲ್ಲಿ ಒಬ್ಬಳೇ ಇದ್ದಾಳೆ.

ನೇವಾ ಅಲ್ಲಿಂದಲೇ ಶಿಮೆಗೆ ಫೋನು ಮಾಡಿ ಆ ಮನೆಗೆ ಹೋಗಲು ಹೇಳಿದಳು. ಹದಿನೈದು ನಿಮಿಷಕ್ಕೆ ಅವನಿಂದ ಕರೆ ಬಂತು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ, ಎಷ್ಟು ಬಡಿದರೂ ತೆಗೆಯುತ್ತಿಲ್ಲ. ಕಿಟಕಿಯಿಂದ ಕಾಣುತ್ತದೆ, ಇಬ್ಬರು ಮುದುಕಿಯರು ಮೇಜಿಗೆ ಎದುರುಬದುರು ಕೂತಿದ್ದಾರೆ, ಒಬ್ಬಳ ಕೈಯಲ್ಲಿ ಸುತ್ತಿಗೆ ಇದೆ.

"ಬಾಗಿಲು ಒಡೀಲಾ?"

"ಒಡೀಬೇಡ. ಒಡೆದ್ರೆ ಅವಳ ಕೈ ಏಳುತ್ತೆ. ಕಿಟಕೀಲಿ ಕಾಣೋ ಹಾಗೆ ಸುಮ್ನೆ ನಿಂತಿರು. ಸುತ್ತಿಗೆ ಮೇಲೆತ್ತಿದ್ರೆ ಮಾತ್ರ ನುಗ್ಗು."

ಬಂದರಿಗೆ ಓಡಿದರೆ, ಗಾಳಿ ಜೋರೆಂದು ದೋಣಿ ನಿಲ್ಲಿಸಿದ್ದರು. ನೇವಾ ಮೀನುಗಾರನೊಬ್ಬನ ಯಂತ್ರದ ದೋಣಿಯನ್ನು ಒಪ್ಪಿಸಿದಳು. ಅವನು ಶಿಲುಬೆಯ ಗುರುತು ಮಾಡಿಕೊಂಡು, ಪೊಲೀಸರ ಜೊತೆ ಮುಳುಗಿದರೆ ಸ್ವರ್ಗದ ಬಾಗಿಲಲ್ಲೂ ವಿಚಾರಣೆ ತಪ್ಪುವುದಿಲ್ಲ ಎಂದು ಗೊಣಗುತ್ತಲೇ ಹಗ್ಗ ಬಿಚ್ಚಿದ. ದೋಣಿ ಅಲೆಯ ಮೇಲೇರಿ ದೊಪ್ಪೆಂದು ಬೀಳುತ್ತಿತ್ತು. ಫೋನು ಸಿಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಮನೆಯೊಳಗೆ ಏನಾಗುತ್ತಿದೆಯೋ ತಿಳಿಯದೆ, ನೇವಾ ಹಲಗೆಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಳು. ನುಗ್ಗು ಎಂದೇ ಹೇಳಬೇಕಿತ್ತೇನೋ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಒಂದೂವರೆಗೆ ಅವಳು ಮನೆ ತಲುಪಿದಾಗ ಶಿಮೆ ಕಿಟಕಿಯ ಬಳಿ ಬೆವರುತ್ತ ನಿಂತಿದ್ದ. ಎಲ್ಲ ಆಗ ಹೇಳಿದ ಹಾಗೇ ಇದೆ, ಇಬ್ಬರೂ ಅಲ್ಲಾಡಿಲ್ಲ ಎಂದ. ನೇವಾ ಬಾಗಿಲಿಗೆ ಬಾಯಿಟ್ಟು ತನ್ನ ಹೆಸರು ಹೇಳಿ, ಗಾಯದ ಗುರುತಿನ ವಿಷಯ ನನಗೆ ಗೊತ್ತು, ಆ ಮಾತನ್ನು ಕೇಳಿಸಿಕೊಳ್ಳಲು ಬಂದಿದ್ದೇನೆ ಎಂದಳು. ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ತೆಗೆದವಳು ದಿನ್ಕಾ. ತೆಗೆದು, ಮತ್ತೆ ಹೋಗಿ ತನ್ನ ಜಾಗದಲ್ಲೇ ಕೂತಳು. ಸುತ್ತಿಗೆ ಎಡಗೈಯಲ್ಲೇ ಇತ್ತು.

ಮೇಜಿನ ನಡುವೆ ಕಲ್ಲಿನ ಮುಖ ಅಂಗಾತ ಮಲಗಿತ್ತು. ಹದಿನೇಳರ ಹುಡುಗಿ, ತುಟಿ ತುಸು ತೆರೆದು ಚಾವಣಿ ನೋಡುತ್ತಿದ್ದಳು. ಅದರ ಒಂದು ಕಡೆ ಅದೇ ಮುಖದ ಮುದುಕಿ. ಇನ್ನೊಂದು ಕಡೆ ಕಿವಿಗೆ ಮುತ್ತಿನೋಲೆ ಹಾಕಿದ, ಮುಖ ಬಿಳಿಚಿಕೊಂಡ ಎರ್ಮಿನಿಯಾ.

"ಸುತ್ತಿಗೆ ಕೆಳಗಿಡಿ ಅಮ್ಮ," ಎಂದಳು ನೇವಾ.

"ಇಡ್ತೀನಿ ಮಗಳೇ. ಹೊಡೆಯೋಕೆ ತಂದಿಲ್ಲ ಇದನ್ನ. ಕೈಲಿ ಇಲ್ಲದಿದ್ರೆ ಇವಳು ನನ್ನ ಒಳಗೇ ಬಿಟ್ಕೊಳ್ತಿರಲಿಲ್ಲ." ದಿನ್ಕಾ ಎರ್ಮಿನಿಯಾಳಿಂದ ಕಣ್ಣು ತೆಗೆಯಲಿಲ್ಲ. "ಇವಳು ಒಂದು ಮಾತು ಹೇಳಲಿ."

ಗಾಳಿಗೆ ಕಿಟಕಿಯ ರೆಕ್ಕೆ ಬಡಿಯುತ್ತಿತ್ತು. ಶಿಮೆ ಒಂದು ಹೆಜ್ಜೆ ಮುಂದಿಟ್ಟ. ನೇವಾ ಕೈಯಿಂದ ತಡೆದಳು.

ಎರ್ಮಿನಿಯಾ ಮಾತಾಡಿದ್ದು ನೇವಾಳ ಕಡೆಗೂ ಅಲ್ಲ, ದಿನ್ಕಾಳ ಕಡೆಗೂ ಅಲ್ಲ, ಆ ಕಲ್ಲಿನ ಮುಖದ ಕಡೆಗೆ.

"ಮೈ ನಂದು," ಎಂದಳು.

ಆಮೇಲೆ ಬಂದ ಮಾತುಗಳನ್ನು ಶಿಮೆ ನಿಂತಲ್ಲೇ ಬರೆದುಕೊಂಡ. ಆಗ ಅವಳಿಗೆ ಮದುವೆಯಾಗಿ ಮೂರು ತಿಂಗಳು. ತಂದೆ ಆಸ್ಪತ್ರೆಯ ಹಿರಿಯ ಡಾಕ್ಟರು, ಊರಿಗೆ ದೊಡ್ಡ ಮನುಷ್ಯ. ಗಂಡ ಕೇಳಿದ, ನಿಂತಳು. ಮುಖ ಮಾತ್ರ ಬೇಡ ಎಂದಳು. ಅವನು ಗಣಿಯಿಂದ ಕಲ್ಲು ತರಲು ಹೋದಾಗ ಅಲ್ಲಿ ಅಪ್ಪನಿಗೆ ಬುತ್ತಿ ತಂದಿದ್ದ ಹುಡುಗಿಯನ್ನು ಕಂಡ. ನಾಲ್ಕು ಮಧ್ಯಾಹ್ನ ಅವಳನ್ನು ಈ ಮನೆಯಲ್ಲೇ ಕುರ್ಚಿಯ ಮೇಲೆ ಕೂರಿಸಿ ಮುಖ ಕಡೆದ. ಹುಡುಗಿ ಉಣ್ಣೆಯ ಅಂಗಿ ತೊಟ್ಟಿದ್ದಳು. ಅವಳಿಗೆ ನಿಂಬೆ ಕೇಕು ಕೊಟ್ಟವಳು ಎರ್ಮಿನಿಯಾಳೇ. ಶಿಲ್ಪ ಹೊರಬಂದು ದ್ವೀಪದಲ್ಲಿ ಮಾತು ಹಬ್ಬಿದಾಗ ಗಂಡ ನಕ್ಕ, ಜನ ಮರೆಯುತ್ತಾರೆ ಎಂದ.

"ಒಂದ್ಸಲ ಇವಳು ಇಲ್ಲಿಗೇ ಬಂದಿದ್ದಳು, ತನ್ನ ಅಪ್ಪನಿಗೆ ಒಂದು ಮಾತು ಹೇಳಿ ಅಂತ," ಎಂದಳು ಎರ್ಮಿನಿಯಾ. "ನಾನು ಒಳಗೇ ಇದ್ದೆ. ಮನೇಲಿಲ್ಲ ಅಂತ ಹೇಳಿಸ್ದೆ. ಇವತ್ತು ಬಾಗಿಲು ತೆಗೆದಾಗ ಇದೇ ಮುಖ. ಆಗ ಕಿಟಕಿಯಿಂದ ನೋಡಿದ್ದೆನಲ್ಲ, ಗುರುತು ಸಿಕ್ತು."

ದಿನ್ಕಾ ಸುತ್ತಿಗೆಯನ್ನು ಮೇಜಿನ ಮೇಲೆ ಮೆಲ್ಲಗಿಟ್ಟಳು, ಸದ್ದಾಗದಂತೆ. "ಬರ್ಕೊಂಡ್ಯೇನಪ್ಪಾ?" ಎಂದು ಶಿಮೆಯನ್ನು ಕೇಳಿದಳು. ಅವನು ಹೂಂ ಎಂದ. "ಅಲ್ಲಿ ಉಣ್ಣೆ ಅಂಗಿ ಅಂತ ಬರೆದಿದೀಯಲ್ಲ, ನೀಲಿ ಅಂತ ಸೇರಿಸು. ಅಪ್ಪನೇ ಕೊಡಿಸಿದ್ದು."

ಎರ್ಮಿನಿಯಾ ಹೇಳಿಕೆಗೆ ಸಹಿ ಹಾಕಿದಳು. ತನ್ನ ಮೇಲೆ ಬಲಪ್ರಯೋಗವಾಗಿಲ್ಲ, ಈ ಬಗ್ಗೆ ದೂರಿಲ್ಲ ಎಂದೂ ಬರೆಸಿದಳು. ಸಂಗ್ರಹಾಲಯದ ದೂರು ಮಾತ್ರ ಹಾಗೇ ಇತ್ತು. ಮಧ್ಯಾಹ್ನ ಎರಡೂಮುಕ್ಕಾಲಿಗೆ ದಿನ್ಕಾ ಮಾತುಲಿಚ್, ವಯಸ್ಸು ಅರವತ್ತೆಂಟು, ಕಲಾಕೃತಿಗೆ ಹಾನಿ ಮಾಡಿ ಅದರ ಭಾಗವನ್ನು ಒಯ್ದ ಆರೋಪದಲ್ಲಿ ಬಂಧಿತಳಾದಳು. ಕಲ್ಲಿನ ಮುಖವನ್ನು ಬಟ್ಟೆಯಲ್ಲಿ ಸುತ್ತಿ ಜಪ್ತಿ ಮಾಡಿದರು. ಇಡೀ ಶಿಲ್ಪವನ್ನೇ ಯಾಕೆ ಒಡೆದುಹಾಕಲಿಲ್ಲ ಎಂದು ನೇವಾ ದಾರಿಯಲ್ಲಿ ಕೇಳಿದಳು. ಮೈ ಇನ್ನೊಬ್ಬಳದು, ಅದನ್ನು ಮುಟ್ಟಲು ನನಗೇನು ಹಕ್ಕು ಎಂದಳು ದಿನ್ಕಾ. ಮುಖವನ್ನು ಒಡೆಯಲು ಮಾತ್ರ ಕೈ ಬರಲಿಲ್ಲವಂತೆ. ಅಷ್ಟು ಚೆಂದದ ಮುಖ ತನಗಿತ್ತೆಂದು ಅವಳಿಗೆ ನೆನಪೇ ಇರಲಿಲ್ಲ.

ಠಾಣೆಯ ಮುಂದೆ ಸುದ್ದಿಯವರು ಆಗಲೇ ಕ್ಯಾಮೆರಾ ಹಿಡಿದು ನಿಂತಿದ್ದರು. ಶಿಮೆ ಜೀಪು ನಿಲ್ಲಿಸಿ, ತನ್ನ ಕೋಟು ಕಳಚಿ, ದಿನ್ಕಾ ಮುಖಕ್ಕೆ ಹೊದ್ದುಕೊಳ್ಳಲೆಂದು ಹಿಂದೆ ಚಾಚಿದ. ಬಂಧಿತರಿಗೆಲ್ಲ ಮಾಡುವಂತೆ.

ದಿನ್ಕಾ ಕೋಟಿನ ಮೇಲೆ ಬಿದ್ದಿದ್ದ ಕಲ್ಲಿನ ಪುಡಿಯನ್ನು ಕೊಡವಿ ಅವನಿಗೇ ಮರಳಿಸಿದಳು.

"ಬೇಡಪ್ಪಾ. ಗಾಳಿ ಇದೆ, ನೀನೇ ಹಾಕ್ಕೋ."

ತಲೆಯ ವಸ್ತ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಕೂತಳು. ನೇವಾ ಇಳಿದು ಅವಳಿಗೆ ಬಾಗಿಲು ತೆಗೆದಳು.