ಹಳೆಯ ತಂತಿ, ಹೊಸ ವಿದ್ಯುತ್ತು

ಮೇಜಿನ ಮೇಲೆ ಕಂಪ್ಯೂಟರಿನ ಕಪ್ಪು ಪೆಟ್ಟಿಗೆಯೊಂದು ಮಗ್ಗುಲಾಗಿ ಮಲಗಿದೆ. ಅದರ ಬದಿಯ ತಗಡನ್ನು ಕಳಚಿ ಗೋಡೆಗೆ ಒರಗಿಸಿದ್ದಾರೆ. ಮೇಲಿನಿಂದ ಇಳಿಬಿದ್ದ ದೀಪದ ಬೆಳಕು ಪೆಟ್ಟಿಗೆಯ ಹೊಟ್ಟೆಯೊಳಗೆ ನೇರವಾಗಿ ಬೀಳುತ್ತಿದೆ. ಹನ್ನೆರಡು ವರ್ಷಗಳ ಧೂಳು ಫ್ಯಾನಿನ ಎಸಳುಗಳಿಗೆ ಬೂದು ತುಪ್ಪಳದಂತೆ ಅಂಟಿಕೊಂಡಿದೆ. ಕೆಳಮೂಲೆಯಲ್ಲಿ ಇಟ್ಟಿಗೆ ಗಾತ್ರದ ಲೋಹದ ಡಬ್ಬಿ; ಅದರಿಂದ ಹೊರಟ ತಂತಿಗಳು ಮುದುಕನ ಕೈಯ ನರಗಳಂತೆ ಒಳಗೆಲ್ಲ ಹರಡಿವೆ. ಪಕ್ಕದಲ್ಲಿ, ಇನ್ನೂ ಸೀಲು ಒಡೆಯದ ರಟ್ಟಿನ ಪೆಟ್ಟಿಗೆಯಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್. ಅದರ ಮೇಲೆ ಒಂದು ಜೊತೆ ಉಣ್ಣೆಯ ಕೈಗವಸು. ಅದಕ್ಕೆ ಹತ್ತಿದ್ದ ಹಿಮ ಕರಗಿ ಎರಡು ಹನಿಗಳಾಗಿ ನಿಂತಿದೆ. ಕಿಟಕಿಯಾಚೆ ಉತ್ತರದ ಹಿಮನಾಡಿನ ಔಲು ನಗರದ ನವೆಂಬರ್ ಮಧ್ಯಾಹ್ನ, ತೊಳೆದಿಟ್ಟ ಸ್ಲೇಟಿನ ಬಣ್ಣ.

"ಈ ಕಾರ್ಡ್ ಇವತ್ತು ಹಾಕಲ್ಲ," ಎಂದ ಓಸ್ಮೊ.

ರಿಪೇರಿ ಅಂಗಡಿಯ ಯಜಮಾನ ಅವನು. ಐವತ್ತು ದಾಟಿದವನು. ತಲೆಯೆತ್ತದೆಯೇ ಮಾತಾಡಿದ್ದ.

ಪೆಟ್ಟಿಗೆಯ ಒಡತಿ ಸೈಮಿಗೆ ರೇಗಿತು. "ಹಾಕಲ್ವಾ? ಮತ್ತೆ ಇದನ್ನ ಜಾರುಬಂಡಿ ಮೇಲೆ ಕಟ್ಕೊಂಡು ಒಂದೂವರೆ ಮೈಲಿ ಎಳ್ಕೊಂಡು ಬಂದಿದ್ದು ಯಾತಕ್ಕೆ, ಗಾಳಿ ಕುಡಿಸೋಕಾ?"

"ಮೊದಲು ಈ ಡಬ್ಬಿ, ಪವರ್ ಸಪ್ಲೈ, ಬದಲಾಯಿಸ್ಬೇಕು. ಇದು ಮುದುಕ ಆಗಿದೆ. ಹೊಸ ಕಾರ್ಡ್ ಕೆಲಸಕ್ಕೆ ಕೂತ್ರೆ ವಿದ್ಯುತ್ತನ್ನ ಗಟಗಟ ಕುಡಿಯುತ್ತೆ. ಮುದುಕನ ತಲೆ ಮೇಲೆ ಮೂಟೆ ಹೊರಿಸಿದ ಹಾಗೆ... ಒಂದಿನ ಕುಸೀತಾನೆ. ಕುಸಿಯೋವಾಗ ಪಕ್ಕದವರನ್ನೂ ಎಳ್ಕೊಂಡೇ ಬೀಳ್ತಾನೆ."

"ನೋಡೋಕೆ ಗಟ್ಟಿಯಾಗೇ ಇದ್ದಾನಲ್ಲ!"

"ನಾನೂ ನೋಡೋಕೆ ಗಟ್ಟಿಯಾಗೇ ಇದ್ದೀನಿ. ಮೂರು ಮಹಡಿ ಹತ್ತಿಸಿ ನೋಡಿ."

ಗಲ್ಲಾದ ಹಿಂದೆ ಕೂತಿದ್ದ ಹೆಂಗಸು, ಅವನ ಅಕ್ಕ ಹಿಲ್ಕಾ, ಕಾಫಿ ಲೋಟದಿಂದ ಮುಖವೆತ್ತಿದಳು. "ಗಟ್ಟಿಯಾಗಿದ್ದೀಯ ಅಂತ ಯಾವ ಪುಣ್ಯಾತ್ಮ ಹೇಳ್ದ ನಿನಗೆ?"

ಸೈಮಿ ನಕ್ಕುಬಿಟ್ಟಳು.

ನಕ್ಕ ಮೇಲೆ ಅವಳೇ ಬೆಚ್ಚಿದಳು. ಈ ದನಿ ಯಾರದು? ಗಂಡ ಆಂತೆರೊ ತೀರಿಹೋಗಿ ಎರಡು ವರ್ಷವಾಗಿತ್ತು. ಅಂದಿನಿಂದ ಅವಳು, ಇನ್ನೂ ಕಟ್ಟದ ಮನೆಗಳ ಚಿತ್ರಗಳನ್ನು ವಾಸ್ತುಶಿಲ್ಪಿಗಳಿಗಾಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತ, ಕಟ್ಟಿದ ತನ್ನ ಮನೆಯಲ್ಲಿ ಮಾತಿಲ್ಲದೆ ಬದುಕಿದ್ದಳು.

ಓಸ್ಮೊ ಈಗ ತಲೆಯೆತ್ತಿದ. ನೋಟ ಅವಳ ಮೇಲೆ ಒಂದು ಕ್ಷಣ ಹೆಚ್ಚೇ ನಿಂತಿತು.

*

ಹೊಸ ಪವರ್ ಸಪ್ಲೈ ಬರಲು ಐದು ದಿನ ಬೇಕಾಯಿತು. ಐದು ದಿನವೂ ಸೈಮಿಗೆ ಅಂಗಡಿಗೆ ಹೋಗಲು ಏನಾದರೊಂದು ನೆಪ ಸಿಕ್ಕಿತು. ಏಲಕ್ಕಿ ಹಾಕಿದ ಬನ್ನು, ಕಾಫಿ, ಹಿಲ್ಕಾಳ ಕೊಂಕು, ಅವನ ಮೌನ.

ಬದಲಾಯಿಸಿದ ದಿನ, ಹಿಲ್ಕಾಳ ಯಾವುದೋ ಮಾತಿಗೆ ಸೈಮಿ ನಗುತ್ತಿರುವಾಗ, ಓಸ್ಮೊ ಹಳೆಯ ಡಬ್ಬಿಯನ್ನೂ ಅದರ ತಂತಿಗಳನ್ನೂ ಬಟ್ಟೆಚೀಲದಲ್ಲಿ ತುಂಬಿ ಅವಳ ಕೈಗಿತ್ತ. ತೆಗೆದದ್ದನ್ನೆಲ್ಲ ಗಿರಾಕಿಗೇ ಒಪ್ಪಿಸುವುದು ಆ ಅಂಗಡಿಯ ಪದ್ಧತಿ.

"ಮನೇಲಿ ಹಳೇ ಹಾರ್ಡ್ ಡಿಸ್ಕ್ ಏನಾದ್ರೂ ಇದ್ರೆ ನಕಲು ಮಾಡಿಟ್ಕೊಳ್ಳಿ," ಎಂದ. "ಡ್ರಾಯರಿನಲ್ಲಿ ಸುಮ್ನೆ ಮಲಗಿಸಿಟ್ರೂ ಅವು ಸಾಯ್ತವೆ."

ಅವಳ ಮುಖ ಬಾಡಿತು. "ಒಂದಿದೆ... ಆಂತೆರೊದು. ದಿನಾ ಬೆಳಗ್ಗೆ ಕೊಲ್ಲಿಯ ದಡಕ್ಕೆ ಹೋಗಿ ಹಕ್ಕಿಗಳ ದನಿ ರೆಕಾರ್ಡರಿನಲ್ಲಿ ಹಿಡೀತಿದ್ದರು. ಮೊದಲು ತಾರೀಕು ಹೇಳೋರು, ಆಮೇಲೆ ಗಾಳಿ ಯಾವ ಕಡೆಯಿಂದ ಅಂತ... ನಾಲ್ಕು ವರ್ಷದ ಬೆಳಗುಗಳು."

"ಕೇಳ್ತಿರ್ತೀರಾ?"

"ಒಂದು ಸಲವೂ ಇಲ್ಲ. ಧೈರ್ಯ ಬಂದಿಲ್ಲ."

'ಈ ಭಾನುವಾರ ಕೇಳುತ್ತೇನೆ,' ಎಂದು ಆ ಕ್ಷಣವೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು. 'ಕೇಳಿ ಮುಗಿಸಿದರೆ, ಬಹುಶಃ ನಾನು ಮತ್ತೆ ಬದುಕಬಹುದು...'

ಭಾನುವಾರ ಬಂತು. ಡ್ರಾಯರಿನಿಂದ ಡಿಸ್ಕನ್ನು ಮಗುವಿನಂತೆ ಎತ್ತಿಕೊಂಡಳು. ಪೆಟ್ಟಿಗೆಯೊಳಗಿನ ಹೊಸ ತಂತಿ ಅದರವರೆಗೆ ಎಟುಕಲಿಲ್ಲ. ಬಟ್ಟೆಚೀಲದಲ್ಲಿ ಉದ್ದನೆಯ ತಂತಿಯೊಂದಿತ್ತು. ಒಂದು ತುದಿ ಡಿಸ್ಕಿಗೆ, ಇನ್ನೊಂದು ಹೊಸ ಪವರ್ ಸಪ್ಲೈಗೆ. ಎರಡೂ ಕಡೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಗುಂಡಿ ಒತ್ತಿದಳು.

ಟಕ್!

ಅಷ್ಟೇ. ದಾರದಷ್ಟು ತೆಳುವಾದ ಹೊಗೆ. ಸುಟ್ಟ ವಾಸನೆ. ಆಮೇಲೆ, ಎರಡು ವರ್ಷದಿಂದ ಆ ಮನೆಯಲ್ಲಿದ್ದ ಮೌನಕ್ಕಿಂತ ಆಳವಾದ ಇನ್ನೊಂದು ಮೌನ.

*

ಸೋಮವಾರ ಅಂಗಡಿಯಲ್ಲಿ ಓಸ್ಮೊ ಪೆಟ್ಟಿಗೆ ಬಿಚ್ಚಿ ಟಾರ್ಚ್ ಹಿಡಿದ. ಅವನ ಕೈ ಒಂದು ಕಡೆ ತಟ್ಟನೆ ನಿಂತಿತು. ಸೈಮಿಗೆ ಬೆನ್ನು ಮಾಡಿ, ಒಳಗಿಂದ ಏನನ್ನೋ ಕಿತ್ತು ಜೇಬಿಗಿಳಿಸಿದ. ತಿರುಗಿದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ.

"ನನ್ನ ತಪ್ಪು," ಎಂದ. "ನಾನು ಹಾಕಿದ ಸಪ್ಲೈನಲ್ಲೇ ದೋಷ ಇತ್ತು."

"ಅಷ್ಟೇನಾ? ತಪ್ಪು ಅಂದ್ರೆ ಮುಗೀತಾ?" ಅವಳ ದನಿ ಒಡೆಯಿತು. "ಹಳೇದು ಬೀಳುತ್ತೆ, ಪಕ್ಕದವರನ್ನೂ ಬೀಳಿಸುತ್ತೆ ಅಂತ ಹೆದರಿಸಿದ್ರಿ. ಆ ಮುದುಕ ಹನ್ನೆರಡು ವರ್ಷದಲ್ಲಿ ಒಂದು ದಿನವೂ ನನಗೆ ಕೇಡು ಮಾಡಿರಲಿಲ್ಲ! ನೀವು... ನೀವು ಆಂತೆರೊನ ಎರಡನೇ ಸಲ ಸಾಯಿಸಿಬಿಟ್ರಿ!"

ಹಿಲ್ಕಾ ಏನೋ ಹೇಳಲು ಬಾಯಿ ತೆರೆದಳು. ತಮ್ಮ ನೋಡಿದ ನೋಟಕ್ಕೆ ಮುಚ್ಚಿದಳು.

ಪೆಟ್ಟಿಗೆಯನ್ನೂ ಡಿಸ್ಕನ್ನೂ ಅಲ್ಲೇ ಬಿಟ್ಟು ಸೈಮಿ ಹೊರಬಿದ್ದಳು. ಗಾಳಿ ಕಣ್ಣೀರನ್ನು ಕೆನ್ನೆಯ ಮೇಲೇ ಹೆಪ್ಪುಗಟ್ಟಿಸಿತು. ಅವಳನ್ನು ಹೆಚ್ಚು ಸುಟ್ಟದ್ದು ಯಾವುದು? ಕಳೆದುಹೋದ ದನಿಯೋ... ಕೆಡಿಸಿದವನು ಅವನೇ ಆದನೆಂಬುದೋ?

*

ಮೂರು ವಾರವಾಯಿತು. ಒಂದು ದಿನ ಹಿಲ್ಕಾ ಜಾರುಬಂಡಿಯ ಮೇಲೆ ಕಂಪ್ಯೂಟರ್ ಎಳೆದುಕೊಂಡು ಬಾಗಿಲಿಗೇ ಬಂದಳು.

"ತಮ್ಮ ಪೆಟ್ಟಿಗೆ ಮುಟ್ಟಿಸು ಅಂದ, ಅಷ್ಟೇ. ಬಾಯಿ ಮುಚ್ಕೊಂಡು ಬಾ ಅಂತಲೂ ಅಂದ. ಅದೊಂದು ನನ್ನಿಂದ ಆಗಲ್ಲಮ್ಮ." ಬೂಟು ಬಿಚ್ಚುತ್ತಲೇ ಶುರುಮಾಡಿದಳು. "ಆ ಸಪ್ಲೈನ ಅವನು ಮೂರು ಸಲ ಪರೀಕ್ಷೆ ಮಾಡಿದ್ದಾನೆ. ಚಿನ್ನದ ಹಾಗಿದೆ. ಒಂದು ಚೂರು ದೋಷ ಇಲ್ಲ."

"ಮತ್ತೆ...?"

"ನೀನು ಹಳೇ ತಂತಿ ಹಾಕಿದ್ದೆ. ತುದಿ ನೋಡೋಕೆ ಒಂದೇ ಥರ, ಸಲೀಸಾಗಿ ಕೂರುತ್ತೆ. ಆದ್ರೆ ಒಂದೊಂದು ಕಂಪನಿ ತಂತಿಗಳ ಸಾಲನ್ನ ಒಂದೊಂದು ಥರ ಜೋಡಿಸಿರುತ್ತೆ. ಐದು ವೋಲ್ಟ್ ಹೋಗೋ ದಾರೀಲಿ ಹನ್ನೆರಡು ಹೋಯ್ತು. ಡಿಸ್ಕ್ ತಡೀಲಿಲ್ಲ."

"ಹಾಗಾದ್ರೆ... ನನ್ನ ಕೈಯಿಂದಲೇ?"

"ಅದಕ್ಕೇ ತಂತಿ ಕಿತ್ತು ಜೇಬಿಗಿಟ್ಕೊಂಡಿದ್ದು ಅವನು," ಎಂದಳು ಹಿಲ್ಕಾ, ಮೆಲ್ಲಗೆ. "'ಅಕ್ಕ, ಅವರು ನನ್ನ ಮೇಲೆ ಕೋಪ ಮಾಡ್ಕೊಂಡು ಬದುಕಬಹುದು. ತಮ್ಮ ಮೇಲೇ ಕೋಪ ಆದ್ರೆ ಹೇಗೆ ಬದುಕ್ತಾರೆ?' ಅಂದ. ಪೆದ್ದ! ಐವತ್ತು ವರ್ಷಕ್ಕೆ ಮೊದಲ ಸಲ ಸುಳ್ಳು ಹೇಳಿದ, ಅದೂ ತನ್ನ ತಲೆ ಮೇಲೇ ಹಾಕ್ಕೊಂಡು."

*

ಅದಾದ ಮೂರನೆಯ ದಿನ ಓಸ್ಮೊ ತಾನೇ ಬಂದ. ಉಣ್ಣೆಯ ಕಾಲುಚೀಲದ ತೂತು ಕಾಣದ ಹಾಗೆ ಪಾದದ ಮೇಲೆ ಪಾದವಿಟ್ಟು, ಕುರ್ಚಿಯ ಅಂಚಿನಲ್ಲಿ ಕೂತ. ಎದುರಿಗಿಟ್ಟ ಕಾಫಿ ಮುಟ್ಟಲಿಲ್ಲ.

"ಅದೇ ಬಗೆಯ ಇನ್ನೊಂದು ಡಿಸ್ಕ್ ಹುಡುಕಿ, ಅದರ ಸರ್ಕ್ಯೂಟ್ ಹಲಗೆ ಇದಕ್ಕೆ ಕೂರಿಸ್ದೆ. ಸ್ವಲ್ಪ ಹೊತ್ತು ತಿರುಗ್ತು. ಆಮೇಲೆ ನಿಂತೇಹೋಯ್ತು." ಬೆರಳಗಲದ ಪೆನ್ ಡ್ರೈವ್ ಒಂದನ್ನು ಮೇಜಿನ ಮೇಲಿಟ್ಟ. "ಎಲ್ಲಾ ಹೋಯ್ತು, ಸೈಮಿ. ಇದೊಂದು ಉಳೀತು. ಹದಿನೇಳು ಸೆಕೆಂಡ್."

"ಏನಿದೆ ಇದರಲ್ಲಿ?"

"ಗೊತ್ತಿಲ್ಲ. ಉದ್ದ ಮಾತ್ರ ನೋಡ್ದೆ. ಕೇಳಲಿಲ್ಲ."

ನಾಲ್ಕು ವರ್ಷದ ಬೆಳಗುಗಳಲ್ಲಿ ಉಳಿದದ್ದು ಹದಿನೇಳು ಸೆಕೆಂಡು! ಅವಳು ಅದನ್ನು ಮುಟ್ಟಲಿಲ್ಲ.

"ಹಿಲ್ಕಾ ಎಲ್ಲ ಹೇಳಿದ್ರು," ಎಂದಳು.

"ಅವಳ ಬಾಯಿಗೆ ಬೀಗ ಮಾಡೋ ಕಮ್ಮಾರ ಇನ್ನೂ ಹುಟ್ಟಿಲ್ಲ."

"ಯಾಕೆ ಸುಳ್ಳು ಹೇಳಿದ್ರಿ?"

"ಪೂರ್ತಿ ಸುಳ್ಳಲ್ಲ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಹಳೇ ತಂತಿ ಕೊಡೋವಾಗ ಚೀಟಿ ಕಟ್ತೀನಿ. 'ಹೊಸದಕ್ಕೆ ಹಾಕಬೇಡಿ' ಅಂತ. ಇಪ್ಪತ್ತು ವರ್ಷದಿಂದ ಒಂದು ಸಲವೂ ತಪ್ಪಿಲ್ಲ. ಅವತ್ತೂ ಬರೆದು ಕೈಯಲ್ಲಿ ಹಿಡ್ಕೊಂಡಿದ್ದೆ. ಅಷ್ಟರಲ್ಲಿ ನೀವು ಅಕ್ಕನ ಮಾತಿಗೆ ನಕ್ರಿ... ನಾನು ನಿಮ್ಮನ್ನೇ ನೋಡ್ತಾ ನಿಂತುಬಿಟ್ಟೆ. ಚೀಟಿ ಕೈಯಲ್ಲೇ ಉಳೀತು."

ಹೊರಗೆ ಹಿಮ ಬಾಚುವ ಗಾಡಿಯೊಂದು ಬೀದಿಯುದ್ದಕ್ಕೂ ಕೆರೆಯುತ್ತ ಹೋಯಿತು.

'ಇಬ್ಬರ ಕೈಯೂ ಸೇರಿಯೇ ಸುಟ್ಟದ್ದು,' ಎಂದುಕೊಂಡಳು ಸೈಮಿ. ವಿಚಿತ್ರ! ಆ ಯೋಚನೆ ಭಾರವನ್ನು ಇಳಿಸಲಿಲ್ಲ. ಆದರೆ ಹೊರಲು ಇನ್ನೊಂದು ಹೆಗಲಿದೆಯೆಂದಿತು.

"ನನಗೆ ನಿಮ್ಮ ಮೇಲೆ ಕೋಪ ಇಲ್ಲ, ಓಸ್ಮೊ. ಈ ಮೂರು ವಾರ ನಿಮ್ಮನ್ನ ದ್ವೇಷಿಸೋಕೆ ಎಷ್ಟು ಕಷ್ಟಪಟ್ಟೆ ಗೊತ್ತಾ? ಬೆಳಗ್ಗೆ ಎದ್ದು ಹೊಸದಾಗಿ ಶುರುಮಾಡ್ಬೇಕಿತ್ತು... ಸಂಜೆ ಹೊತ್ತಿಗೆ ಕರಗಿಹೋಗಿರೋದು."

ಅವನ ಕಣ್ಣು ತುಂಬಿತು. ಎದ್ದು ನಿಂತ.

"ಹೋಗ್ತೀರಾ? ಇರಿ... ಒಬ್ಬಳೇ ಕೇಳೋಕೆ ಭಯ ಆಗುತ್ತೆ."

"ಇರ್ಬೇಕು ಅಂತ ಎಷ್ಟು ಆಸೆ ಇದೆ ಅಂತ ನಿಮಗೆ ಗೊತ್ತಿಲ್ಲ," ಎಂದ ಓಸ್ಮೊ. "ಆದ್ರೆ ಇದು ಅವರು ನಿಮ್ಮ ಮನೇಲಿ ಬಿಟ್ಟು ಹೋಗಿರೋದು. ಅದಕ್ಕೆ ನಾನು ಕಿವಿ ಒಡ್ಡಬಾರದು. ನೀವೊಬ್ಬರೇ ಕೇಳ್ಬೇಕು."

ಬಾಗಿಲ ಬಳಿ ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವುದನ್ನು ಅವಳು ನೋಡುತ್ತ ನಿಂತಳು. ನರೆತ ತಲೆ. ಅದರ ಮೇಲೆ ಒಂದು ಗಳಿಗೆ ಅಂಗೈಯಿಟ್ಟಳು. ದಾರ ಕಟ್ಟುತ್ತಿದ್ದ ಬೆರಳುಗಳು ಸ್ತಬ್ಧವಾದವು.

"ನಾಳೆ ಬಾ," ಎಂದಳು. ಬಹುವಚನ ತಾನಾಗಿ ಕಳಚಿಬಿದ್ದಿತ್ತು. "ಕತ್ತಲಾಗೋಕೆ ಮುಂಚೆ ಬಾ."

"ಎರಡು ಗಂಟೆಗೆಲ್ಲ ಕತ್ತಲಾಗುತ್ತಲ್ಲ, ಸೈಮಿ."

"ಹಾಗಾದ್ರೆ ಬೆಳಗ್ಗೇನೇ ಬಾ."

"ಬರ್ತೀನಿ."

ಅವನು ಹೊರಗೆ ಕಾಲಿಟ್ಟ. ತಣ್ಣನೆಯ ಗಾಳಿ ಒಂದೇ ಒಂದು ಸಲ ಒಳನುಗ್ಗಿತು. ಅವನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.