ಕಾಪುವಿನ ಮನೆಯ ಎರಡನೆಯ ತಟ್ಟೆ

1962ನೆಯ ಇಸವಿ ಅಕ್ಟೋಬರ್ 9, ಮಂಗಳವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಉಡುಪಿ ಪೊಲೀಸ್ ಠಾಣೆಯಲ್ಲಿ ಒಂದು ದೂರು ಸ್ವೀಕೃತವಾಯಿತು. ಇನ್ಸ್‌ಪೆಕ್ಟರ್ ದೇಜಪ್ಪ ಸಾಲಿಯಾನರು ಅದನ್ನು ಎರಡು ಬಾರಿ ಓದಿದರು.

‘ನಿನ್ನೆ ನನ್ನ ಹೆಂಡತಿಯೆಂದು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಸಾಕ್ಷಿ ನುಡಿದ ಹೆಂಗಸು ನನ್ನ ಹೆಂಡತಿಯಲ್ಲ. ನನ್ನ ಹೆಂಡತಿ ಎಲ್ಲಿದ್ದಾಳೆಂಬುದನ್ನು ಪತ್ತೆಹಚ್ಚಿ ಕೊಡಬೇಕಾಗಿ ಪ್ರಾರ್ಥನೆ.’

ದೂರುದಾರ ಎಡ್ಮಂಡ್ ಕಸ್ತೆಲಿನೊ, ವಯಸ್ಸು ನಲವತ್ತು, ಮೊಂಬಾಸಾದ ರೈಲ್ವೆಯಲ್ಲಿ ಗುಮಾಸ್ತ. ಊರಿಗೆ ಬಂದು ಏಳು ತಿಂಗಳಾಗಿತ್ತು.

“ವಿಚ್ಛೇದನ ಪಡೆದ ಹೆಂಡತಿಯನ್ನು ಹುಡುಕಿ ಕೊಡಬೇಕೇ?” ಎಂದರು ಇನ್ಸ್‌ಪೆಕ್ಟರ್.

“ಹೌದು ಸರ್.”

ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಲಿಯೋನೆಲ್ ಮೊಂತೇರೊ ನಗು ತಡೆಯಲು ಕೆಮ್ಮಿದ. ಎಡ್ಮಂಡನ ಮುಖ ನೋಡಿದ ಮೇಲೆ ಆ ಕೆಮ್ಮೂ ನಿಂತಿತು.

ವಿಷಯ ಹೀಗಿತ್ತು. ಎಡ್ಮಂಡ್ 1951ರಲ್ಲಿ ಕಾರ್ಕಳದ ವೆರೊನಿಕಾ ಬರ್ಬೋಜಳನ್ನು ಮದುವೆಯಾಗಿ, ಇಪ್ಪತ್ತೆರಡನೆಯ ದಿನ ಹಡಗು ಹತ್ತಿದ್ದ. ಆಮೇಲೆ ಇದ್ದುದು ಕಾಗದಗಳ ಸಂಸಾರ. 1960ರಲ್ಲಿ ಮೊಂಬಾಸಾದ ನ್ಯಾಯಾಲಯ ಅವನಿಗೆ ವಿಚ್ಛೇದನ ಕೊಟ್ಟಿತು. ಈಗ ಗ್ಲ್ಯಾಡಿಸ್ ಎಂಬ ಶಾಲಾ ಉಪಾಧ್ಯಾಯಿನಿಯನ್ನು ಮದುವೆಯಾಗಬೇಕೆಂದಿದ್ದ. ಕಥೋಲಿಕರ ಇಗರ್ಜಿ ವಿಚ್ಛೇದನವನ್ನು ಒಪ್ಪದು. ರಿಜಿಸ್ಟ್ರಾರರೋ, ಪರದೇಶದ ಡಿಕ್ರಿಯನ್ನು ಮೊದಲು ಇಲ್ಲಿನ ನ್ಯಾಯಾಲಯ ಮಾನ್ಯ ಮಾಡಲಿ ಎಂದರು. ಮಾನ್ಯವಾಗಬೇಕಾದರೆ ಅಲ್ಲಿನ ನೋಟಿಸು ಹೆಂಡತಿಯ ಕೈಸೇರಿರಬೇಕು. ಸೋಮವಾರ ಕಟಕಟೆಯಲ್ಲಿ ನಿಂತ ಹೆಂಗಸು, “ನೋಟಿಸು ವೆರೊನಿಕಾಳ ಕೈಗೆ ಬಂದಿಲ್ಲ” ಎಂದಿದ್ದಳು. ಆ ಸಾಕ್ಷ್ಯ ನಿಂತರೆ ಡಿಕ್ರಿ ಬಿದ್ದುಹೋಗುತ್ತಿತ್ತು. ಎಡ್ಮಂಡ್ ಸಾಯುವವರೆಗೂ ಅವಳ ಗಂಡನಾಗಿಯೇ ಉಳಿಯುತ್ತಿದ್ದ.

“ಅವಳಲ್ಲವೆಂದು ಹೇಗೆ ಹೇಳುತ್ತೀರಿ?”

“ವೆರೊನಿಕಾ ಚಿಕ್ಕಂದಿನಲ್ಲಿ ಗೇರುಮರದಿಂದ ಬಿದ್ದು, ಬಲ ಮೊಣಕೈ ಮಡಚುತ್ತಿರಲಿಲ್ಲ. ಶಿಲುಬೆಯ ಗುರುತನ್ನು ಎಡಗೈಯಲ್ಲಿ ಹಾಕಿ ತಾಯಿಯಿಂದ ಬೈಸಿಕೊಳ್ಳುತ್ತಿದ್ದಳು. ನಿನ್ನೆ ಈಕೆ ಬಲಗೈಯಲ್ಲಿ ಹಾಕಿದಳು. ಹಣೆ, ಎದೆ, ಎರಡೂ ಭುಜ. ಏನೂ ತೊಂದರೆ ಇಲ್ಲದೆ.”

“ಮುಖ?”

“ತಲೆಯ ಮೇಲೆ ಕಪ್ಪು ಜಾಲರಿಯ ಮುಸುಕು ಇತ್ತು. ಕಂಡಷ್ಟು ಮುಖ ಅವಳದೇ ಸರ್. ಅದೇ ನನಗೆ ಹೆದರಿಕೆ. ಇನ್ನೊಂದು ಉಂಟು. ಮದುವೆಯ ಏಳನೆಯ ದಿನ ನಾನು ವೆರೊನಿಕಾಳಿಗೆ ಹೇಳಿದ ಒಂದು ಮಾತನ್ನು ಈಕೆ ವಕೀಲರ ಎದುರು ಹೇಳಿದಳು. ಅದು ನಮ್ಮಿಬ್ಬರಿಗೆ ಮಾತ್ರ ಗೊತ್ತು.”

“ಅವಳಿಗೆ ಒಡಹುಟ್ಟಿದವರು?”

“ಅಕ್ಕ ಒಬ್ಬಳಿದ್ದಳು, ಡುಲ್ಸಿನ್. ಐವತ್ತೇಳರಲ್ಲಿ ಜ್ವರ ಬಂದು ತೀರಿಹೋದಳು. ವೆರೊನಿಕಾಳೇ ಬರೆದಿದ್ದಳು.”

“ಕೈ ಮಡಚದವಳು ಬರೆಯುವುದು ಹೇಗೆ?”

“ಎಡಗೈಯಲ್ಲಿ ಕಲಿತೆ ಎಂದು ಮೊದಲ ಕಾಗದದಲ್ಲೇ ತಿಳಿಸಿದ್ದಳು. ಅಂದಿನಿಂದ ಇಂದಿನವರೆಗೆ ಅದೇ ಅಕ್ಷರ.”

ಹನ್ನೊಂದೂವರೆಗೆ ಭಾರತೀಯ ದಂಡ ಸಂಹಿತೆಯ 419ನೆಯ ಕಲಮಿನಡಿ, ಬೇರೊಬ್ಬರೆಂದು ನಟಿಸಿ ವಂಚಿಸಿದ ಆರೋಪಕ್ಕಾಗಿ, ಎಫ್.ಐ.ಆರ್. ದಾಖಲಾಯಿತು. ಸುಳ್ಳು ಸಾಕ್ಷ್ಯದ ಬಗ್ಗೆ ದೂರು ಕೊಡುವ ಅಧಿಕಾರ ನ್ಯಾಯಾಲಯದ್ದು. ಇನ್ಸ್‌ಪೆಕ್ಟರರು ಆ ವಿಷಯವನ್ನು ಡೈರಿಯಲ್ಲಿ ಬೇರೆಯಾಗಿ ಬರೆದಿಟ್ಟರು.

ಮಧ್ಯಾಹ್ನ ಮೂರು ಗಂಟೆಗೆ ಜೀಪು ಕಾಪು ತಲುಪಿತು. ದೀಪಸ್ತಂಭದಿಂದ ಅರ್ಧ ಮೈಲು ದಕ್ಷಿಣಕ್ಕೆ, ಮರಳಿನ ನಡುವೆ ಹಂಚಿನ ಮನೆ. ಬಿಸಿಲು ಎಷ್ಟು ಬೆಳ್ಳಗಿತ್ತೆಂದರೆ ಮನೆಗೆ ನೆರಳೇ ಇದ್ದಂತಿರಲಿಲ್ಲ. ಎಡ್ಮಂಡ್ ಈ ಮನೆಯನ್ನು 1957ರಲ್ಲಿ ಮೊಂಬಾಸಾದಿಂದಲೇ ಹೆಂಡತಿಗಾಗಿ ಕೊಳ್ಳಿಸಿದ್ದ. ಅವಳು ಕಾರ್ಕಳ ಬಿಟ್ಟು ಇಲ್ಲಿಗೆ ಬಂದದ್ದು ಆ ವರ್ಷವೇ.

ಪಕ್ಕದ ಮನೆಯ ಪಾತುಮ್ಮ ಮೊಟ್ಟೆ ಮಾರಿ ಬದುಕುವ ಮುದುಕಿ.

“ಆ ಮನೆಯಲ್ಲಿ ಯಾರ್ಯಾರಿದ್ದಾರೆ?”

“ಇಬ್ಬರು.”

“ಇಬ್ಬರೇ?”

“ಹೊರಗೆ ಬರುವುದು ಒಬ್ಬಳು, ವೆರೊನಿಕಾ ಬಾಯಿ. ಇನ್ನೊಬ್ಬಳು ಒಳಗೇ ಇರುವುದು.”

“ನೀವು ನೋಡಿದ್ದೀರಾ?”

“ನೋಡುವುದೆಂತ ಸ್ವಾಮಿ, ಕಿವಿ ಇಲ್ಲವಾ ನನಗೆ? ಬೇಲಿಯಿಂದ ಕೂಗಿದರೆ ಒಬ್ಬಳು ‘ಬಂದೆ’ ಎನ್ನುತ್ತಾಳೆ. ಇನ್ನೊಬ್ಬಳು ಮೆಲ್ಲ ‘ಹೋಗಬೇಡ’ ಎನ್ನುತ್ತಾಳೆ. ಐದು ವರ್ಷದಿಂದ ಕೇಳ್ತಾ ಇದ್ದೇನೆ.”

“ಯಾರೆಂದು ವಿಚಾರಿಸಲಿಲ್ಲವೇ?”

“ಮೊಟ್ಟೆ ತಗೊಳ್ಳುವವಳು ‘ಬಂದೆ’ ಎನ್ನುವವಳು ಮಾರಾಯ್ರೇ. ಬರದವಳ ಹತ್ತಿರ ನನಗೆ ಎಂತ ಕೆಲಸ?”

ಬಾಗಿಲು ತೆರೆದ ಹೆಂಗಸಿಗೆ ನಲವತ್ತರ ಹತ್ತಿರದ ವಯಸ್ಸು. ಪೊಲೀಸರನ್ನು ಕಂಡು ಆಕೆ ಬೆದರಲಿಲ್ಲ.

“ಹೆಸರು?”

“ವೆರೊನಿಕಾ ಕಸ್ತೆಲಿನೊ.”

“ಬಲಗೈ ಮಡಚಿ ತೋರಿಸಿ.”

ಆಕೆ ಮಡಚಿದಳು. “ಪಾದ್ರಿಗಳು ಆಶೀರ್ವದಿಸಿದ ಎಣ್ಣೆ ಹಚ್ಚಿದೆ. ಗುಣವಾಯಿತು.”

“ಮನೆಯಲ್ಲಿ ಇನ್ನಾರಿದ್ದಾರೆ?”

“ನನ್ನವರು.”

ಆಕೆ ಬಾಗಿಲಿನಿಂದ ಸರಿದು ನಿಂತಳು. ಇಬ್ಬರು ಪಂಚರ ಸಮಕ್ಷಮ ಮನೆಯ ಪಂಚನಾಮೆ ನಡೆಯಿತು. ಲಿಯೋನೆಲ್ ಬರೆದುಕೊಂಡ: ಮಂಚ ಎರಡು, ಎರಡೂ ಹಾಸಿಗೆಗಳಲ್ಲಿ ಮಲಗಿದ ಗುರುತು. ಬಾಚಣಿಗೆ ಎರಡು. ಊಟದ ಮೇಜಿನ ಮೇಲೆ ತಟ್ಟೆ ಎರಡು; ಒಂದು ಉಂಡದ್ದು, ಇನ್ನೊಂದರಲ್ಲಿ ಅನ್ನ ಮತ್ತು ಮೀನಿನ ಸಾರು, ಮುಟ್ಟದ್ದು, ಆರಿದ್ದು. ಮನೆಯಲ್ಲಿ ಬೇರೆ ಯಾರೂ ಕಂಡುಬರಲಿಲ್ಲ. ಮೊಂಬಾಸಾದಿಂದ ಬಂದ ಕಾಗದಗಳ ಒಂದು ಕಟ್ಟು ಜಪ್ತಿ.

ಜೀಪಿನಲ್ಲಿ ಲಿಯೋನೆಲ್ ಪಂಚನಾಮೆಯನ್ನು ಮತ್ತೊಮ್ಮೆ ಓದಿದ. ಉಡುಪಿ ಹತ್ತಿರವಾದಾಗ ಹೇಳಿದ, “ಸರ್, ಆಕೆ ವೆರೊನಿಕಾ ಆದರೆ ಅಕ್ಕ ಸತ್ತಿದ್ದಾಳೆ. ಡುಲ್ಸಿನ್ ಆದರೆ ತಂಗಿ ಸತ್ತಿದ್ದಾಳೆ. ಯಾರು ಸತ್ತದ್ದೆಂದು ಆಕೆ ಒಂದು ಕಡೆ ನಿಜ ಬರೆದಿರಲೇಬೇಕು.”

“ಎಲ್ಲಿ?”

“ನಮ್ಮಲ್ಲಿ ನವೆಂಬರ್ ಎರಡಕ್ಕೆ ಸತ್ತವರ ಹಬ್ಬ. ಮನೆಯ ಸತ್ತವರ ಹೆಸರನ್ನು ಚೀಟಿಯಲ್ಲಿ ಬರೆದು ಇಗರ್ಜಿಯ ಪೆಟ್ಟಿಗೆಗೆ ಹಾಕುತ್ತೇವೆ. ಪಾದ್ರಿಗಳು ಆ ಹೆಸರಿಗೆ ಪ್ರಾರ್ಥಿಸುತ್ತಾರೆ. ಹೆಸರು ತಪ್ಪಿದರೆ ಪ್ರಾರ್ಥನೆ ಬೇರೆ ಯಾರಿಗೋ ಹೋಯಿತು. ನಮ್ಮ ಆತ್ಮ ಶುದ್ಧೀಕರಣದ ಬೆಂಕಿಯಲ್ಲೇ ಉಳಿಯಿತು. ಕೋರ್ಟಿಗೆ ಬೇಕಾದರೆ ಸುಳ್ಳು ಹೇಳಬಹುದು ಸರ್, ಆ ಪೆಟ್ಟಿಗೆಗೆ ಯಾರೂ ಹೇಳುವುದಿಲ್ಲ.”

ಅಕ್ಟೋಬರ್ 10, ಬೆಳಿಗ್ಗೆ ಎಂಟು ಗಂಟೆ. ಆಕೆ ಪೂಜೆಗೆ ಹೋಗುತ್ತಿದ್ದ ಇಗರ್ಜಿಯ ವೃದ್ಧ ಗುರು ಫಾದರ್ ಆಲ್ಫೋನ್ಸ್, ವರ್ಷವರ್ಷದ ಚೀಟಿಗಳನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದರು.

“ಸುಡಲು ಮನಸ್ಸು ಬರುವುದಿಲ್ಲ” ಎಂದರು. “ಚೀಟಿ ಹಾಕಿದವರ ಹೆಸರು ಇದರಲ್ಲಿ ಇರುವುದಿಲ್ಲ, ಇನ್ಸ್‌ಪೆಕ್ಟರ್. ಸತ್ತವರದು ಮಾತ್ರ.”

“ನಮಗೆ ಅದೇ ಬೇಕು.”

ಲಿಯೋನೆಲ್, ಹೆಂಡತಿ ಬರೆದದ್ದೆಂದು ಎಡ್ಮಂಡ್ ಕೊಟ್ಟಿದ್ದ ಒಂದು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಮುನ್ನೂರರಷ್ಟು ಚೀಟಿ ತಿರುವಿದ. ಹತ್ತೂಕಾಲಿಗೆ ಅವನ ಕೈ ನಿಂತಿತು. 1961ರ ಚೀಟಿ. ಕನ್ನಡ ಲಿಪಿ, ಬಲಕ್ಕೆ ವಾಲಿದ ಅಕ್ಷರ, ಒಂದೇ ಸಾಲು:

‘ವೆರೊನಿಕಾ. ಕಾರ್ಕಳ.’

ಹಿಂದಿನ ನಾಲ್ಕು ವರ್ಷಗಳ ಕಟ್ಟುಗಳಲ್ಲಿಯೂ ಅದೇ ಸಾಲು ಸಿಕ್ಕಿತು. ಸಾಕ್ಷಿಪೆಟ್ಟಿಗೆಯಲ್ಲಿ ತಾನೇ ವೆರೊನಿಕಾ ಎಂದವಳು, ವೆರೊನಿಕಾಳ ಆತ್ಮಕ್ಕಾಗಿ ಐದು ವರ್ಷಗಳಿಂದ ಪ್ರಾರ್ಥನೆ ಕೋರುತ್ತಿದ್ದಳು. ಫಾದರ್ ಆಲ್ಫೋನ್ಸರು ಕನ್ನಡಕ ತೆಗೆದು ಒರೆಸಿಕೊಂಡರು.

“ಈ ಹೆಸರನ್ನು ನಾನು ಪೀಠದಿಂದ ಓದುವಾಗ ಆಕೆ ಮೊದಲನೆಯ ಬೆಂಚಿನಲ್ಲೇ ಕೂತಿರುತ್ತಿದ್ದಳು” ಎಂದರು.

ಅಕ್ಟೋಬರ್ 11ರಂದು ಕಾರ್ಕಳದ ಇಗರ್ಜಿಯ ಮರಣದ ದಫ್ತರಿನಿಂದ ನಕಲು ತೆಗೆಯಲಾಯಿತು. ವೆರೊನಿಕಾ ಕಸ್ತೆಲಿನೊ, ವಿವಾಹಿತೆ, ವಯಸ್ಸು ಮೂವತ್ತು, ವಿಷಮಶೀತ ಜ್ವರ, ಸಮಾಧಿ 1957 ಜುಲೈ 18. ಅಕ್ಕ ಡುಲ್ಸಿನ್ ವಿಷಯ ಕೇಳಿದಾಗ ನೆರೆಯವರು, “ಅವಳು ಅದೇ ವಾರ ಬೊಂಬಾಯಿಗೆ ಹೋದಳಲ್ವಾ” ಎಂದರು. ಮರುದಿನ ನ್ಯಾಯಾಲಯದ ಅನುಮತಿ ಪಡೆದು ಸಾಕ್ಷಿ ಹೇಳಿಕೆಯ ರುಜುವನ್ನೂ ಮೊಂಬಾಸಾದ ನೋಟಿಸಿನ ಅಂಚೆ ರಶೀದಿಯ ರುಜುವನ್ನೂ ಚೀಟಿಯೊಡನೆ ಹೋಲಿಸಲಾಯಿತು. ಮೂರೂ ಒಂದೇ ಕೈಯವು.

ಅಕ್ಟೋಬರ್ 13, ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಹೆಣ್ಣಾಳು ಜೊತೆಗಿರಲೆಂದು ಪಾತುಮ್ಮನನ್ನು ಕರೆದುಕೊಂಡು ಇನ್ಸ್‌ಪೆಕ್ಟರರು ಬಾಗಿಲು ತಟ್ಟಿದರು.

“ಬಂದೆ” ಎಂಬ ದನಿ ಕೇಳಿತು. ಅದರ ಬೆನ್ನಿಗೇ, ಇನ್ನೂ ತೆಳುವಾದ ದನಿಯಲ್ಲಿ, “ಹೋಗಬೇಡ.”

ಪಾತುಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬಾಗಿಲು ತೆರೆದ ಹೆಂಗಸು ಮತ್ತೆ ಊಟಕ್ಕೆ ಕುಳಿತಳು; ಒಳಗೆ ಬೇರೆ ಯಾರೂ ಇರಲಿಲ್ಲ. ಎದುರಿಗೆ ಎರಡನೆಯ ತಟ್ಟೆ ಇತ್ತು. ಇನ್ಸ್‌ಪೆಕ್ಟರರು ಐದು ಚೀಟಿಗಳನ್ನೂ ದಫ್ತರಿನ ನಕಲನ್ನೂ ಮೇಜಿನ ಮೇಲಿಟ್ಟರು.

“ಡುಲ್ಸಿನ್ ಬಾಯಿ, ಆ ನೋಟಿಸು ಬಂದಿತ್ತಲ್ಲವೇ?”

“ಬಂದಿತ್ತು.”

“ರುಜು ಹಾಕಿದ್ದು ನೀವು?”

“ನಾನು. ಆದರೆ ಕಾಗದದ ಮೇಲೆ ವೆರೊನಿಕಾಳ ಹೆಸರಿತ್ತು. ಅವಳ ತಟ್ಟೆಯ ಪಕ್ಕದಲ್ಲಿಟ್ಟೆ. ಅವಳು ಒಡೆಯಲಿಲ್ಲ.” ಆಕೆ ತಲೆಯೆತ್ತಿದಳು. “ಅವಳ ಕೈಗೆ ಬಂದಿಲ್ಲ ಎಂದು ಕೋರ್ಟಿನಲ್ಲಿ ಹೇಳಿದ್ದು ಸುಳ್ಳಲ್ಲ.”

“ಏಳನೆಯ ದಿನದ ಮಾತು ನಿಮಗೆ ಹೇಗೆ ಗೊತ್ತು?”

“ಮೊದಲ ಕಾಗದದಲ್ಲಿ ಬರೆ ಎಂದು ವೆರೊನಿಕಾಳೇ ಹೇಳಿದ್ದಳು. ನನಗೆ ನಾಚಿಕೆಯಾಗಿ ಬರೆಯಲಿಲ್ಲ. ಆಮೇಲೆ ಮರೆಯಲೂ ಇಲ್ಲ.”

“ತಂಗಿ ಸತ್ತದ್ದನ್ನು ಗಂಡನಿಗೆ ಯಾಕೆ ತಿಳಿಸಲಿಲ್ಲ? ತಿಳಿಸಿದ್ದರೆ ಆತನಿಗೆ ಯಾವ ನ್ಯಾಯಾಲಯವೂ ಬೇಕಿರಲಿಲ್ಲ.”

ಆಕೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. “ಹೂತು ಮೂರನೆಯ ದಿನ ಅವರ ಕಾಗದ ಬಂತು. ಕಾಪುವಿನಲ್ಲಿ ಮನೆ ತೆಗೆದಿದ್ದೇನೆ, ಕಿಟಕಿಯಿಂದ ದೀಪಸ್ತಂಭ ಕಾಣುತ್ತದಂತೆ, ನೋಡಿ ಬರೆ ಎಂದಿದ್ದರು. ಆರು ವರ್ಷ ಅವರಿಗೆ ಉತ್ತರ ಬರೆದವಳು ನಾನು. ಒಳಗಿನ ಮಾತೆಲ್ಲ ನನ್ನದೇ, ಕೆಳಗಿನ ಹೆಸರು ಮಾತ್ರ ಅವಳದು. ಅಂದೂ ಬರೆದೆ. ಸಾಯಬೇಕಾದವಳು ಯಾರೆಂದು ಯೋಚಿಸಿ ಡುಲ್ಸಿನ್ ಸತ್ತಳು ಎಂದು ಬರೆದೆ. ಅವರು ಎರಡು ಸಾಲು ಸಂತಾಪ ಬರೆದರು.”

“ಅದಕ್ಕಾಗಿ ವಿಚ್ಛೇದನವನ್ನು ತಡೆದಿರಾ?”

“ಅವರು ಬಿಟ್ಟದ್ದು ಯಾರನ್ನು, ಇನ್ಸ್‌ಪೆಕ್ಟರ್? ವೆರೊನಿಕಾಳನ್ನು ದೇವರು ಆಗಲೇ ಬಿಡಿಸಿದ್ದ.”

ಹನ್ನೆರಡು ಐವತ್ತಕ್ಕೆ ದಸ್ತಗಿರಿ. ಹೊರಡುವ ಮೊದಲು ಆಕೆ ತನ್ನ ತಟ್ಟೆಯನ್ನು ತೊಳೆದಿಟ್ಟಳು. ಇನ್ನೊಂದನ್ನು ಮುಟ್ಟಲಿಲ್ಲ.

ಸಿವಿಲ್ ದಾವೆ ಆ ತಿಂಗಳ ಕೊನೆಯಲ್ಲಿ ವಜಾ ಆಯಿತು. 1957ರಲ್ಲಿ ತೀರಿಕೊಂಡವಳಿಗೆ 1960ರಲ್ಲಿ ಯಾವ ದೇಶದ ನ್ಯಾಯಾಲಯವೂ ವಿಚ್ಛೇದನ ಕೊಡಲಾರದು, ಆದ್ದರಿಂದ ಡಿಕ್ರಿಯ ಮಾನ್ಯತೆಯ ಪ್ರಶ್ನೆಯೇ ಉದ್ಭವಿಸದು ಎಂದು ನ್ಯಾಯಾಧೀಶರು ಬರೆದರು. ವಿಧುರನಾದ ಎಡ್ಮಂಡನಿಗೆ ಇಗರ್ಜಿಯಲ್ಲೇ ಮದುವೆಯ ದಿನ ಗೊತ್ತಾಯಿತು. ತನ್ನ ಕಾಗದಗಳ ಕಟ್ಟನ್ನು ಹಿಂದಕ್ಕೆ ಪಡೆಯಲು ಅವನು ಠಾಣೆಗೆ ಬರಲಿಲ್ಲ.

ನವೆಂಬರ್ 1ರ ಸಂಜೆ ಸಬ್‌ಜೈಲಿನಿಂದ, ಕಾಪುವಿನ ಪಾದ್ರಿಗಳಿಗೆ ತಲುಪಿಸಬೇಕೆಂದು ಕೈದಿಯ ಒಂದು ಚೀಟಿ ಠಾಣೆಗೆ ಬಂತು. ನಿಯಮದಂತೆ ಇನ್ಸ್‌ಪೆಕ್ಟರರು ಅದನ್ನು ಬಿಡಿಸಿ ಓದಿದರು. ಅದೇ ವಾಲಿದ ಅಕ್ಷರ. ಈ ವರ್ಷ ಸಾಲು ಎರಡಿದ್ದವು.

‘ವೆರೊನಿಕಾ. ಕಾರ್ಕಳ.

ಡುಲ್ಸಿನ್. ಕಾಪು.’

“ಬದುಕಿರುವವರ ಹೆಸರು ಹಾಕಬಹುದೇ?” ಎಂದು ಅವರು ಲಿಯೋನೆಲನನ್ನು ಕೇಳಿದರು.

“ಹಾಕುವ ಹಾಗಿಲ್ಲ ಸರ್” ಎಂದ ಲಿಯೋನೆಲ್. “ಆದರೆ ಆ ಪೆಟ್ಟಿಗೆಗೆ ಯಾರೂ ಸುಳ್ಳು ಬರೆಯುವುದಿಲ್ಲ.”

ಇನ್ಸ್‌ಪೆಕ್ಟರರು ಚೀಟಿಯನ್ನು ಮೊದಲಿದ್ದಂತೆಯೇ ಮಡಚಿ ಅವನ ಕೈಗೆ ಕೊಟ್ಟರು. ಅವನು ಅದನ್ನು ತೆಗೆದುಕೊಂಡು ಕಾಪುವಿನ ಬಸ್ಸು ಹತ್ತಿದ.